ಪ್ರಶ್ನೋತ್ತರ: ಲಗಾಮು ಎಳೆದಷ್ಟೂ ಗಟ್ಟಿಯಾಗುವ ಕುದುರೆ

ನಿರ್ವಾಹಕರು: ಸೇನೆಯ ಅಶ್ವದಳದಲ್ಲಿ ಸವಾರಿ ಕಲಿಸಿ ನಿವೃತ್ತರಾಗಿ, ಈಗ ಬೆಂಗಳೂರಿನ ಹೊರವಲಯದಲ್ಲಿ ರೇಸ್ ಬಿಟ್ಟ ಕುದುರೆಗಳಿಗೆ ಮರುತರಬೇತಿ ನೀಡುತ್ತಿರುವ ತರಬೇತುದಾರರು ಈ ವಾರ ನಮ್ಮ ಬಳಗದ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಕುದುರೆ ಮತ್ತು ಸವಾರರ ನಡುವಿನ ಮೃದುತ್ವ ಹಾಗೂ ಸಂವಹನವೇ ವಿಷಯ. ಪ್ರಶ್ನೆಯೊಂದಿಗೆ ಕುದುರೆಯ ವಯಸ್ಸನ್ನೂ ಹಿನ್ನೆಲೆಯನ್ನೂ ತಿಳಿಸಿ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ತುಮಕೂರಿನ ಸದಸ್ಯರು: ನಮಸ್ಕಾರ ಸರ್. ನನ್ನ ಕುದುರೆಗೆ 8 ವರ್ಷ. ಅದರ ಬಾಯಿ ಬಹಳ ಗಟ್ಟಿ. ಎರಡೂ ಕೈಗಳಿಂದ ಎಳೆದರೂ ನಿಲ್ಲುವುದಿಲ್ಲ. ಯಾವ ಕಡಿವಾಣ ಹಾಕಿದರೆ ಬಾಯಿ ಮೃದುವಾಗುತ್ತದೆ?

ತರಬೇತುದಾರರು: ನಮಸ್ಕಾರ. ಯಾವ ಕುದುರೆಯೂ ಗಟ್ಟಿ ಬಾಯಿಯೊಂದಿಗೆ ಹುಟ್ಟುವುದಿಲ್ಲ. ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಇರುವ ಹಲ್ಲಿಲ್ಲದ ಜಾಗದಲ್ಲಿ, ನಾಲಿಗೆಯ ಮೇಲೆ ಕಡಿವಾಣದ ಲೋಹದ ಸರಳು ಕೂರುತ್ತದೆ. ಅಲ್ಲಿ ಮೂಳೆಯನ್ನು ಮುಚ್ಚಿರುವುದು ತೆಳುವಾದ ವಸಡು ಮಾತ್ರ. ಮೈಮೇಲೆ ಕುಳಿತ ನೊಣವನ್ನು ಚರ್ಮ ಅದುರಿಸಿ ಓಡಿಸುವ ಪ್ರಾಣಿಗೆ ನಿಮ್ಮ ಕೈಯ ಒತ್ತಡ ತಿಳಿಯದೆ ಇರುವುದಿಲ್ಲ. ತಿಳಿದೂ ಅದು ಉತ್ತರಿಸುತ್ತಿಲ್ಲವೆಂದರೆ, ತಾನು ಉತ್ತರಿಸಿದಾಗಲೂ ಎಳೆತ ನಿಲ್ಲಲಿಲ್ಲ ಎಂಬುದನ್ನು ಅದು ಕಲಿತಿದೆ ಎಂದರ್ಥ. ಕಡಿವಾಣ ಬದಲಿಸುವ ಮೊದಲು ಪಶುವೈದ್ಯರಿಂದ ಹಲ್ಲು ಪರೀಕ್ಷಿಸಿಸಿ. ಆಮೇಲೆ ಸ್ನಾಫಲ್ ಎಂಬ ಸರಳ, ಸೌಮ್ಯ ಕಡಿವಾಣ ಸಾಕು.

ಯಲಹಂಕದ ಸದಸ್ಯೆ: ಸರ್, ನನ್ನ 14 ವರ್ಷದ ಮಗಳು ಸವಾರಿ ಮಾಡುವ ಥರೋಬ್ರೆಡ್ (ರೇಸಿನ ತಳಿ) ಕುದುರೆಗೆ 6 ವರ್ಷ. ಅದು ಕಳೆದ ವರ್ಷ ರೇಸ್ ಬಿಟ್ಟಿತು. ಮೊದಲು ಶಾಂತವಾಗಿತ್ತು. ಈಗ ಲಗಾಮು ಹಿಡಿದ ಕೂಡಲೇ ತಲೆಯನ್ನು ಮೇಲೆತ್ತಿ ಅತ್ತಿತ್ತ ಒದರುತ್ತದೆ, ಟ್ರಾಟ್ ಎಂಬ ನಿಧಾನ ಓಟದಿಂದ ತಾನಾಗಿಯೇ ಕ್ಯಾಂಟರ್ ಎಂಬ ಹೆಚ್ಚು ವೇಗದ ಓಟಕ್ಕೆ ಹೋಗುತ್ತದೆ. ಕಳೆದ ವಾರ ನಿಲ್ಲಿಸಲು ಎಳೆದಾಗ ಎರಡು ಸಲ ಮುಂಗಾಲೆತ್ತಿ ನಿಂತಿತು. ಮೇವು ತಿನ್ನುವಾಗ ಅರ್ಧ ಜಗಿದ ಹುಲ್ಲನ್ನು ಕೆಳಗೆ ಬೀಳಿಸುವುದನ್ನೂ ಗಮನಿಸಿದ್ದೇನೆ. ಲಾಯದವರು ತಲೆಯನ್ನು ಪಟ್ಟಿಯಿಂದ ಕೆಳಕ್ಕೆ ಕಟ್ಟಿ, ಮುಳ್ಳಿನ ಕಡಿವಾಣ ಹಾಕಿದರೆ ಎರಡು ದಿನದಲ್ಲಿ ದಾರಿಗೆ ಬರುತ್ತದೆ ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ?

ತರಬೇತುದಾರರು: ಮೇಡಂ, ಖಂಡಿತ ಒಪ್ಪಿಕೊಳ್ಳಬೇಡಿ. ಇಂದಿನಿಂದ ನಿಮ್ಮ ಮಗಳು ಆ ಕುದುರೆಯನ್ನು ಹತ್ತುವುದು ಬೇಡ. ಮುಂಗಾಲೆತ್ತಿ ನಿಂತ ಕುದುರೆಯ ಲಗಾಮನ್ನು ಎಳೆದರೆ ಅದು ಸಮತೋಲ ತಪ್ಪಿ ಸವಾರನ ಮೇಲೆಯೇ ಹಿಮ್ಮುಖವಾಗಿ ಬೀಳಬಹುದು. ಸವಾರಿಯಲ್ಲಿ ನಾನು ಅತ್ಯಂತ ಹೆದರುವ ಅಪಘಾತವಿದು. ತಲೆಯನ್ನು ಕೆಳಕ್ಕೆ ಕಟ್ಟಿದ ಕುದುರೆ ಬೀಳುವಾಗ ಕತ್ತು ಚಾಚಿ ತನ್ನನ್ನು ಉಳಿಸಿಕೊಳ್ಳಲೂ ಆಗದು. ಯಾರಾದರೂ ಅಂಥ ಗಳಿಗೆಯಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ಬಾಗಿ, ಕೈ ಸಡಿಲಿಸಿ, ಕೇಸರವನ್ನು ಹಿಡಿಯಬೇಕು.

ಮುಳ್ಳಿನ ಕಡಿವಾಣ ಕ್ರೌರ್ಯ ಮಾತ್ರವಲ್ಲ, ಅಪರಾಧವೂ ಹೌದು. ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ 1965ರ ಕೇಂದ್ರ ನಿಯಮಗಳಲ್ಲಿ 8ನೆಯದು, ಸವಾರಿಗಾಗಲಿ ಬಂಡಿಗಾಗಲಿ ಮೊನೆಯುಳ್ಳ ಕಡಿವಾಣ ಬಳಸುವುದನ್ನು ನಿಷೇಧಿಸುತ್ತದೆ. ನಿಮ್ಮ ಲಾಯದವರಿಗೆ ಇದನ್ನು ಬರಹದಲ್ಲಿ ತಿಳಿಸಿ.

ನೀವು ಕೊನೆಯಲ್ಲಿ ಬರೆದ ಸಣ್ಣ ವಿವರವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಜಗಿದ ಹುಲ್ಲು ಬಾಯಿಂದ ಬೀಳುತ್ತಿದ್ದರೆ ಹಲ್ಲಿನ ತೊಂದರೆಯನ್ನು ಮೊದಲು ಶಂಕಿಸಬೇಕು. ಕುದುರೆಯ ದವಡೆ ಹಲ್ಲುಗಳು ವರ್ಷಗಟ್ಟಲೆ ಹೊರಕ್ಕೆ ಸರಿಯುತ್ತ, ಸವೆಯುತ್ತ ಇರುತ್ತವೆ. ಮೇಲಿನ ಸಾಲಿನ ಹೊರ ಅಂಚು, ಕೆಳಗಿನ ಸಾಲಿನ ಒಳ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಲಗಾಮು ಎಳೆದಾಗ, ಅದರಲ್ಲೂ ಮೂಗುಪಟ್ಟಿ ಬಿಗಿಯಾಗಿದ್ದರೆ, ಕೆನ್ನೆಯ ಒಳಭಾಗ ಆ ಅಂಚುಗಳಿಗೆ ಒತ್ತಿಕೊಳ್ಳುತ್ತದೆ. ಆಗ ಕುದುರೆ ತಲೆ ಎತ್ತುವುದು ನೋವಿನಿಂದ ದೂರ ಸರಿಯಲು. ಪಶುವೈದ್ಯರು ಬಾಯಿಯೊಂದಿಗೆ ಬೆನ್ನು, ಗೊರಸು ಮತ್ತು ಜೀನನ್ನೂ ನೋಡಲಿ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ತಿರುಗುತ್ತದೆಯೇ ಎಂಬುದನ್ನು ಅವರಿಗೆ ಹೇಳಿ; ರೇಸಿನಿಂದ ಬಂದ ಕುದುರೆಗಳಲ್ಲಿ ಜಠರದ ಹುಣ್ಣು ಸಾಮಾನ್ಯ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ಸಹೋದ್ಯೋಗಿಗಳು ಸವಾರಿಯ ಸಮಯದಲ್ಲಿ ಕಾಣುವ 24 ವರ್ತನೆಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಕಿವಿ ಹಿಂದಕ್ಕೊತ್ತುವುದು, ಬಾಯಿ ತೆರೆಯುವುದು, ಬಾಲ ಬೀಸುವುದು, ತಲೆ ಒದರುವುದು, ಮುಂಗಾಲೆತ್ತುವುದು ಎಲ್ಲವೂ ಅದರಲ್ಲಿವೆ. 8 ಅಥವಾ ಹೆಚ್ಚು ಕಂಡರೆ ನೋವು ಇರುವ ಸಾಧ್ಯತೆ ಬಲವಾಗಿದೆ ಎಂದು ತಿಳಿಯಬೇಕು. ನಮ್ಮಲ್ಲಿ ಇವುಗಳಿಗೆಲ್ಲ ‘ಕೊಬ್ಬು’ ಎಂಬ ಒಂದೇ ಹೆಸರು ಇಟ್ಟು ಹೊಡೆಯುತ್ತಾರೆ.

ನೋವು ಇಲ್ಲವೆಂದು ಖಚಿತವಾದ ಮೇಲಷ್ಟೇ ತರಬೇತಿಯ ಮಾತು. ರೇಸಿನಲ್ಲಿ ಜಾಕಿ ಜೀನಿನ ಮೇಲೆ ಕೂರುವುದಿಲ್ಲ; ಕಾಲಿಡುವ ಗಿಡ್ಡ ಸ್ಟಿರಪ್‌ಗಳ ಮೇಲೆ ನಿಂತು ಬಾಗಿರುತ್ತಾನೆ. ಅವನ ಕಾಲು ಪಕ್ಕೆಯನ್ನು ತಬ್ಬುವುದಿಲ್ಲ. ಅವನು ಲಗಾಮನ್ನು ಗಿಡ್ಡ ಮಾಡಿ ಬಿಗಿ ಹಿಡಿದಾಗ ಕುದುರೆ ಕಡಿವಾಣಕ್ಕೆ ಆತು ವೇಗ ಹೆಚ್ಚಿಸಲು ಕಲಿತಿರುತ್ತದೆ. ಅಂದರೆ ನಿಮ್ಮ ಮಗಳು ‘ನಿಲ್ಲು’ ಎಂದು ಎಳೆದಾಗ ಆ ಕುದುರೆ ‘ಓಡು’ ಎಂಬ ಅಪ್ಪಣೆಯನ್ನು ಪಾಲಿಸುತ್ತಿದೆ. ಪಾಲಿಸಿದ್ದಕ್ಕೆ ಬಾಯಿಗೆ ಇನ್ನಷ್ಟು ನೋವು ಸಿಗುತ್ತದೆ. ಮುಂದೆ ಹೋಗಲಾಗದೆ, ಹಿಂದೆ ಸರಿಯಲು ತಿಳಿಯದೆ, ಕೊನೆಗೆ ಮೇಲಕ್ಕೇಳುತ್ತದೆ. ಅದನ್ನು ಹಟಮಾರಿ ಎನ್ನುವುದು ಅನ್ಯಾಯ.

ಹೊಸ ಭಾಷೆಯನ್ನು ನೆಲದ ಮೇಲಿಂದಲೇ ಆರಂಭಿಸಿ. ಹಾಲ್ಟರ್ (ಕಡಿವಾಣವಿಲ್ಲದ ತಲೆಪಟ್ಟಿ) ಹಾಕಿ ಜೊತೆಯಲ್ಲಿ ನಡೆಯಿರಿ. ಉಸಿರು ಬಿಟ್ಟು ನಿಮ್ಮ ಹೆಜ್ಜೆ ನಿಲ್ಲಿಸಿ, ಅದು ನಿಲ್ಲದಿದ್ದರೆ ಮಾತ್ರ ಹಗ್ಗದಲ್ಲಿ ಬೆರಳಿನಷ್ಟು ಒತ್ತಡ ಕೊಡಿ. ಅದು ಭಾರವನ್ನು ಹಿಂಗಾಲುಗಳ ಕಡೆಗೆ ಸರಿಸಿದ ಕ್ಷಣದಲ್ಲೇ ಒತ್ತಡ ಬಿಡಿ. ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ನಿಂತ ಗಳಿಗೆಯಿಂದ. ತಲೆ ಒದರುವಾಗ ಬಿಟ್ಟರೆ ಒದರುವುದನ್ನು ಕಲಿಯುತ್ತದೆ, ಮೃದುವಾದಾಗ ಬಿಟ್ಟರೆ ಮೃದುವಾಗುವುದನ್ನು ಕಲಿಯುತ್ತದೆ, ಎಂದೂ ಬಿಡದಿದ್ದರೆ ಕಿವುಡಾಗುವುದನ್ನು ಕಲಿಯುತ್ತದೆ. ಜೀನಿನ ಮೇಲೆ ಹೋದಾಗಲೂ ಇದೇ ಕ್ರಮ: ಮೊದಲು ಉಸಿರು ಮತ್ತು ಸೊಂಟ, ಆಮೇಲೆ ಬೆರಳು, ತಕ್ಷಣ ಬಿಡುಗಡೆ. ಉಸಿರಿಗೆ ನಿಲ್ಲುವವರೆಗೆ ಟ್ರಾಟ್ ಬೇಡ. ಮೊದಲ ದಿನಗಳಲ್ಲಿ ಅನುಭವಿ ಸವಾರರೇ ಹತ್ತಲಿ.

ಮಂಡ್ಯದ ಸದಸ್ಯರು: ಇನ್ನೊಂದು ಗುಂಪಿನಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ. ಪಟಿಕ ಮತ್ತು ಉಪ್ಪನ್ನು ಕಡಿವಾಣಕ್ಕೆ ಸವರಿದರೆ ಬಾಯಿ ಮೃದುವಾಗುತ್ತದೆ. ಹೆಚ್ಚು ಕುಣಿಯುವ ಕುದುರೆಗೆ ಸವಾರಿಗೆ ಮುನ್ನ ಮತ್ತಿನ ಮಾತ್ರೆಯನ್ನು ಬೆಲ್ಲದಲ್ಲಿ ಕೊಟ್ಟರೆ ಶಾಂತವಾಗುತ್ತದೆ.

ತರಬೇತುದಾರರು: ನಿರ್ವಾಹಕರು ಬೇಡವೆಂದು ಬರೆದಿದ್ದನ್ನೇ ನೀವು ಹಾಕಿದ್ದೀರಿ. ಗಾಯವಾದ ಬಾಯಿಗೆ ಪಟಿಕ, ಉಪ್ಪು ಸವರುವುದು ಹಿಂಸೆ. ಮತ್ತಿನಲ್ಲಿರುವ ಕುದುರೆ ಹೆಜ್ಜೆ ತಪ್ಪಿ ಮುಗ್ಗರಿಸುತ್ತದೆ. ಸವಾರನೂ ಅದರೊಂದಿಗೆ ಬೀಳುತ್ತಾನೆ. ಕುದುರೆಗಳಿಗೆ ಕೊಡುವ ಆಸಿಪ್ರೊಮಜಿನ್ ಎಂಬ ಔಷಧಿಯಿಂದ ಗಂಡು ಕುದುರೆಯ ಜನನಾಂಗ ಹೊರಬಂದು ಒಳಸರಿಯದೆ ಶಾಶ್ವತ ಹಾನಿಯಾಗುವ ಅಪಾಯವೂ ಇದೆ. ಅದನ್ನು ಕೊಡಬೇಕೋ ಬೇಡವೋ ಎಂಬುದು ಪಶುವೈದ್ಯರ ನಿರ್ಧಾರ, ಫೋನಿನಲ್ಲಿ ಬಂದ ಸಂದೇಶದ್ದಲ್ಲ. ದಯವಿಟ್ಟು ಅಳಿಸಿ.

ಕೊಡಗಿನ ಸದಸ್ಯೆ: ಇಷ್ಟೆಲ್ಲ ಓದಿದ ಮೇಲೂ ಕಬ್ಬಿಣವನ್ನು ಬಾಯಿಗೆ ಏಕೆ ಹಾಕಬೇಕು? ಕಡಿವಾಣವಿಲ್ಲದ ಲಗಾಮು ಬಳಸುವವರೇ ನಿಜವಾದ ಕುದುರೆ ಪ್ರೇಮಿಗಳು.

ಮೈಸೂರಿನ ಸದಸ್ಯರು: ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಟಾಂಗಾ ಇದೆ. ಬಸ್ಸು, ಆಟೊಗಳ ನಡುವೆ ನಮ್ಮ ಕುದುರೆ ನಾಲಿಗೆಯ ಚಿಟಿಕೆಗೇ ನಿಲ್ಲುತ್ತದೆ. ಅದರ ಬಾಯಲ್ಲಿ ಕಡಿವಾಣವಿದೆ, ಆದರೆ ಗಾಯವಿಲ್ಲ. ನಾವು ಪ್ರೇಮಿಗಳಲ್ಲವೇ?

ಕೊಡಗಿನ ಸದಸ್ಯೆ: ಟಾಂಗಾ ಕುದುರೆಗಳ ಸ್ಥಿತಿಯನ್ನು ಎಲ್ಲರೂ ನೋಡಿದ್ದಾರೆ.

ಮೈಸೂರಿನ ಸದಸ್ಯರು: ನಮ್ಮ ಲಾಯಕ್ಕೆ ಬಂದು ನೋಡಿದ್ದೀರಾ? ನೋಡದೆ ಮಾತನಾಡಬೇಡಿ.

ತರಬೇತುದಾರರು: ಕೆಲವು ಕುದುರೆಗಳಿಗೆ, ಅದರಲ್ಲೂ ಬಾಯಿಗೆ ಗಾಯವಾದವುಗಳಿಗೆ, ಕಡಿವಾಣವಿಲ್ಲದ ಲಗಾಮು ಒಳ್ಳೆಯದು. ಆದರೆ ಮೂಗಿನ ಮೂಳೆಯ ಕೆಳತುದಿ ತೆಳುವಾಗಿರುತ್ತದೆ. ಮೂಗಿನ ಮೇಲೆ ಸನ್ನೆಕೋಲಿನಂತೆ ಒತ್ತುವ ಹ್ಯಾಕಮೋರ್ ಎಂಬ ಕಡಿವಾಣವಿಲ್ಲದ ಲಗಾಮು ಒರಟು ಕೈಯಲ್ಲಿ ಅದನ್ನೂ ನೋಯಿಸುತ್ತದೆ. ಮೈಸೂರಿನವರು ವರ್ಣಿಸಿದ ಕುದುರೆ ಧ್ವನಿಗೇ ಉತ್ತರಿಸುತ್ತಿದೆ. ನಾನು ಕಲಿಸಲು ಪ್ರಯತ್ನಿಸುತ್ತಿರುವುದೂ ಅದನ್ನೇ.

ಹಾಸನದ ಸದಸ್ಯರು: ಸರ್, ತುಂಬಾ ಎಳೆಯುವ ಕುದುರೆಗೆ ಪೆಲ್ಹಮ್ ಎಂಬ ಹೆಚ್ಚು ಬಲದ ಕಡಿವಾಣ ಹಾಕಬಹುದೇ?

ತರಬೇತುದಾರರು: ಮೊದಲ ಉತ್ತರವನ್ನು ಓದಿ.

ಜರ್ಮನಿಯಲ್ಲಿರುವ ಸದಸ್ಯೆ: ಇಲ್ಲಿನ ಶಾಲೆಯಲ್ಲಿ ತರಬೇತಿಗೆ ಲಯ, ಸಡಿಲತೆ, ಸಂಪರ್ಕ (ಲಗಾಮಿನ ಮೂಲಕ ಕೈಗೂ ಬಾಯಿಗೂ ಇರುವ ಕೊಂಡಿ), ಚಿಮ್ಮು, ನೇರತನ, ಒಗ್ಗೂಡುವಿಕೆ ಎಂಬ ಆರು ಮೆಟ್ಟಿಲುಗಳನ್ನು ಹೇಳುತ್ತಾರೆ. ನನ್ನ ಕುದುರೆ ಕತ್ತು ಬಗ್ಗಿಸಿ ಗಲ್ಲವನ್ನು ಎದೆಗೆ ತರುತ್ತದೆ, ಕೈಗೆ ಭಾರವೇ ಬರುವುದಿಲ್ಲ. ಇದು ಮೃದುತ್ವವೇ?

ತರಬೇತುದಾರರು: ಒಳ್ಳೆಯ ಪ್ರಶ್ನೆ. ಅಲ್ಲ. ಅದು ನಿಮ್ಮ ಕೈಯಿಂದ ತಪ್ಪಿಸಿಕೊಳ್ಳುತ್ತಿದೆ. ಆ ಕ್ರಮದಲ್ಲಿ ಸಂಪರ್ಕಕ್ಕೆ ಮೂರನೆಯ ಸ್ಥಾನವಿರುವುದನ್ನು ಗಮನಿಸಿ. ಲಯ ಸಮನಾಗಿ, ಬೆನ್ನು ಸಡಿಲವಾದ ಮೇಲೆ ಕುದುರೆ ತಾನೇ ಕತ್ತು ಚಾಚಿ ಕಡಿವಾಣವನ್ನು ಹುಡುಕುತ್ತದೆ. ಆ ಹುಡುಕಾಟವನ್ನು ಸ್ವೀಕರಿಸುವುದೇ ಸವಾರನ ಕೈಯ ಕೆಲಸ. ಬಹುತೇಕ ಸವಾರರು ಮೂರನೆಯದರಿಂದ ಆರಂಭಿಸುತ್ತಾರೆ, ಕತ್ತಿನ ಬಾಗನ್ನು ಕಂಡು ಸಂತೋಷಪಡುತ್ತಾರೆ. ಪರೀಕ್ಷೆ ಸುಲಭ: ಟ್ರಾಟ್‌ನಲ್ಲಿ ಲಗಾಮನ್ನು ನಿಧಾನವಾಗಿ ಉದ್ದ ಬಿಡಿ. ಕುದುರೆ ವೇಗ ಬದಲಿಸದೆ ಮೂಗನ್ನು ಮುಂದಕ್ಕೆ, ಕೆಳಕ್ಕೆ ಚಾಚಿದರೆ ನಿಮ್ಮ ಸಂಪರ್ಕ ಸರಿಯಿದೆ. ಓಡಿದರೆ ಅಥವಾ ಅಲ್ಲಿಯೇ ಮುದುಡಿದರೆ ನಡಿಗೆಗೆ ಹಿಂದಿರುಗಿ, ದೊಡ್ಡ ವೃತ್ತಗಳಲ್ಲಿ ಲಯದಿಂದ ಮತ್ತೆ ಆರಂಭಿಸಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ (ಸವಾರನ ಸೂಕ್ಷ್ಮ ಸೂಚನೆಗೆ ಕುದುರೆ ನಿಗದಿತ ಚಲನೆಗಳನ್ನು ತೋರುವ ಸ್ಪರ್ಧೆ) ತಂಡಕ್ಕೆ ಚಿನ್ನ ಬಂದ ಮೇಲೆ ಇಲ್ಲಿಯೂ ಈ ವಿದ್ಯೆಯ ಆಸಕ್ತಿ ಬೆಳೆದಿದೆ. ಆ ಆಸಕ್ತಿ ಕತ್ತಿನ ಬಾಗಿಗೆ ಸೀಮಿತವಾಗಬಾರದು.

ರಾಮನಗರದ ಸದಸ್ಯರು: ನನ್ನ ತೂಕ 95 ಕಿಲೊ. ಮಾರ್ವಾಡಿ ಕುದುರೆ ಹೊರುತ್ತದೆಯೇ? ಬೆಲೆ ಎಷ್ಟಾಗುತ್ತದೆ?

ಶ್ರೀರಂಗಪಟ್ಟಣದ ಸದಸ್ಯರು: ಪಟಾಕಿಗೆ ನನ್ನ ಕುದುರೆ ಬೆದರಿ ಓಡುತ್ತದೆ. ಹತ್ತಿರವೇ ಹೊಡೆದು ಅಭ್ಯಾಸ ಮಾಡಿಸಲೇ?

ತರಬೇತುದಾರರು: ಹತ್ತಿರದಿಂದ ಬೇಡ. ಮೈಸೂರು ದಸರೆಗೆ ಮುನ್ನ ಆನೆಗಳಿಗೂ ಪೊಲೀಸ್ ಕುದುರೆಗಳಿಗೂ ಕುಶಾಲತೋಪಿನ ತಾಲೀಮನ್ನು ಹಲವು ಬಾರಿ ನಡೆಸುತ್ತಾರೆ. 21 ತೋಪುಗಳ ಸದ್ದನ್ನು ಜಂಬೂಸವಾರಿಯ ದಿನವೇ ಮೊದಲು ಕೇಳಿಸುವುದಿಲ್ಲ. ನೀವು ದೂರದ, ಸಣ್ಣ ಸದ್ದಿನಿಂದ ಆರಂಭಿಸಿ, ಮೇವು ತಿನ್ನುವುದನ್ನು ಅದು ನಿಲ್ಲಿಸದಷ್ಟು ದೂರದಲ್ಲಿಯೇ ಇರಿ.

ಮಂಡ್ಯದ ಸದಸ್ಯರು: ನಾನು ಒಳ್ಳೆಯ ಉದ್ದೇಶದಿಂದ ಹಂಚಿಕೊಂಡೆ. ನಮ್ಮ ಊರಿನಲ್ಲಿ ಮದುವೆ ಕುದುರೆಗಳಿಗೆ ಇದನ್ನೇ ಮಾಡುತ್ತಾರೆ, ಏನೂ ಆಗಿಲ್ಲ. ಹಳಬರ ಅನುಭವಕ್ಕೆ ಬೆಲೆಯೇ ಇಲ್ಲವೇ?

ಮೈಸೂರಿನ ಸದಸ್ಯರು: ಹಳಬರ ಹೆಸರು ಹೇಳಬೇಡಿ. ನಮ್ಮ ಅಜ್ಜ ಎಂದೂ ಮತ್ತಿನ ಮಾತ್ರೆ ಕೊಟ್ಟವರಲ್ಲ.

ತರಬೇತುದಾರರು: ‘ಏನೂ ಆಗಿಲ್ಲ’ ಎಂದು ಹೇಳಬೇಕಾದದ್ದು ಆ ಕುದುರೆಗಳ ಬಾಯಿ ತೆರೆದು ನೋಡಿದವರು. ನೋಡಿದ್ದೀರಾ? ಈ ವಿಷಯಕ್ಕೆ ಮತ್ತೆ ಉತ್ತರಿಸುವುದಿಲ್ಲ.

ದಾವಣಗೆರೆಯ ಸದಸ್ಯರು: ಸರ್, ಬಾಯಿ ಗಟ್ಟಿ ಇದೆ. ಯಾವ ಕಡಿವಾಣ?

ನಿರ್ವಾಹಕರು: ಫಾರ್ವರ್ಡ್ ಸಂದೇಶವನ್ನು ಅಳಿಸಲಾಗಿದೆ. ಸದಸ್ಯರು ಪರಸ್ಪರ ವಾಗ್ವಾದ ನಿಲ್ಲಿಸಿ.

ಯಲಹಂಕದ ಸದಸ್ಯೆ: ಸರ್, ಪಶುವೈದ್ಯರು ಇಂದು ಬಂದಿದ್ದರು. ಎರಡೂ ಕೆನ್ನೆಗಳ ಒಳಗೆ ಹುಣ್ಣುಗಳಿವೆ, ಹಲ್ಲಿನ ಅಂಚುಗಳನ್ನು ಉಜ್ಜಿ ಸಮ ಮಾಡಿದ್ದಾರೆ. ಜೀನು ಹೆಗಲ ಬಳಿ ಒತ್ತುತ್ತಿದೆ ಎಂದೂ ಹೇಳಿದರು. ಇನ್ನು ಹತ್ತಬಹುದೇ ಎಂದು ಮಗಳು ಕೇಳುತ್ತಿದ್ದಾಳೆ.

ತರಬೇತುದಾರರು: ಹುಣ್ಣು ವಾಸಿಯಾಯಿತೆಂದು ವೈದ್ಯರೇ ಮತ್ತೆ ನೋಡಿ ಹೇಳುವವರೆಗೆ ಬಾಯಿಗೆ ಯಾವ ಕಡಿವಾಣವನ್ನೂ ಹಾಕಬೇಡಿ. ಆ ಜೀನನ್ನು ಮತ್ತೆ ಬೆನ್ನಿಗೆ ಏರಿಸಬೇಡಿ. ಹಾಲ್ಟರ್‌ನಲ್ಲಿ ನಡೆಸುವ ಅಭ್ಯಾಸವನ್ನು ದಿನಕ್ಕೆ ಕಾಲು ಗಂಟೆ, ನಿಮ್ಮ ಎದುರಿನಲ್ಲಿ, ಹೆಲ್ಮೆಟ್ ಧರಿಸಿ ಮಗಳೇ ಮಾಡಲಿ. ಅವಳು ಕುದುರೆಯ ಎದುರು ನಿಲ್ಲದೆ ಹೆಗಲ ಪಕ್ಕದಲ್ಲಿರಬೇಕು. ನಿಲ್ಲಿಸುವಾಗ ಅವಳ ಕೈ ಮತ್ತು ಕುದುರೆಯ ಕಿವಿ ಎರಡೂ ಕಾಣುವಂತೆ ವೀಡಿಯೊ ತೆಗೆದು ಕಳುಹಿಸಿ. ಒತ್ತಡವನ್ನು ಯಾವಾಗ ಬಿಡುತ್ತಿದ್ದಾಳೆ ಎಂಬುದನ್ನು ನೋಡಿ ಮುಂದಿನದನ್ನು ಬರೆಯುತ್ತೇನೆ.