ದರಪಟ್ಟಿ ಕಳಿಸಿದ ಪ್ರತಿ ಸೋಮವಾರ ಬೌನ್ಸ್ ರಾಶಿ, ಏನು ಮಾಡೋದು?

ಕಾಫಿಗಿಡ (ಪ್ರಶ್ನೆ):
ಗೋಣಿಕೊಪ್ಪದ ಹತ್ತಿರ ಒಂದು ಬೆಳೆಗಾರರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಗೊತ್ತು ಅಂದ ತಪ್ಪಿಗೆ ಮೇಲ್ ಸರ್ವರ್ ಕೂಡ ನನ್ನ ತಲೆಗೇ ಬಂದಿದೆ. ಪ್ರತಿ ಸೋಮವಾರ ರೋಬಸ್ಟಾ ಚೆರಿ, ಪಾರ್ಚ್‌ಮೆಂಟ್, ಕಾಳುಮೆಣಸಿನ ದರ ಸುಮಾರು 1,800 ಜನರಿಗೆ ಹೋಗುತ್ತದೆ. ಕಳಿಸೋದು ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ತಂತ್ರಾಂಶ, ಜೊತೆಗೆ ನಾನೇ ಬರೆದ ಸಣ್ಣ ಪೈಥಾನ್ ಸ್ಕ್ರಿಪ್ಟ್.

ಮಧ್ಯಾಹ್ನದೊಳಗೆ ಆಫೀಸ್ ಇನ್‌ಬಾಕ್ಸ್‌ನಲ್ಲಿ 200ಕ್ಕೂ ಜಾಸ್ತಿ ಬೌನ್ಸ್, ಅಂದರೆ ಮೇಲ್ ತಲುಪಲಿಲ್ಲ ಅಂತ ಮೇಲರ್-ಡೀಮನ್ ಹೆಸರಲ್ಲಿ ಸರ್ವರ್ ಕಳಿಸುವ ಮೇಲ್. ಗೊಬ್ಬರದ ಬಿಲ್ ಕೇಳಿದ ಸದಸ್ಯರೊಬ್ಬರ ಮೇಲ್ ಅದರಡಿ ಹೂತುಹೋಗಿ, ಹೋದ ವಾರ ಅಧ್ಯಕ್ಷರಿಂದ ಬೈಸಿಕೊಂಡೆ. ಬೌನ್ಸ್ ಎಲ್ಲ ಸೀದಾ ಕಸಕ್ಕೆ ಹೋಗುವ ಹಾಗೆ ಫಿಲ್ಟರ್ ಹಾಕಲಾ? ಇಲ್ಲ, ಆ ವಿಳಾಸಗಳನ್ನೇ ಅಳಿಸಿಬಿಡಲಾ?

ಹಳೇಸರ್ವರ್:
ಎರಡೂ ಬೇಡ. ನಾನು ಎರಡನ್ನೂ ಮಾಡಿ ಕೆಟ್ಟವನು.

ವಾಪಸ್ ಬಂದ ಕಾಗದದ ಒಳಗೆ ಯಾರ ಸಹಿ ಇದೆ ಅಂತ ಅಂಚೆಯಣ್ಣ ನೋಡುತ್ತಾನಾ? ಕವರಿನ ಮೇಲೆ ಕಳಿಸಿದವರ ವಿಳಾಸ ನೋಡುತ್ತಾನೆ, ಅಲ್ವಾ? ಮೇಲ್‌ಗೂ ಹಾಗೆ ಎನ್ವಲಪ್ ಸೆಂಡರ್ ಅಂತ ಬೇರೆ ಇದೆ. ತಲುಪಿದ ಮೇಲ್‌ನಲ್ಲಿ ಅದು ರಿಟರ್ನ್-ಪಾತ್ ಆಗಿ ಕಾಣುತ್ತದೆ. ಬೌನ್ಸ್ ಬರೋದು ಅಲ್ಲಿಗೆ. ಹಾಗಾಗಿ ಅದಕ್ಕೊಂದು ಬೇರೆ ಪೆಟ್ಟಿಗೆ ಕೊಡಿ. ಆಗುವುದಾದರೆ ವರ್ಪ್ ಮಾಡಿ: ಒಬ್ಬೊಬ್ಬ ಸದಸ್ಯರಿಗೂ 'ಬೌನ್ಸ್+417' ಥರ ಬೇರೆ ಬೇರೆ ಎನ್ವಲಪ್ ವಿಳಾಸ. ಮೇಲ್ ಬಿಚ್ಚದೆಯೇ ಅದು 417ನೇ ಸದಸ್ಯರದ್ದು ಅಂತ ಗೊತ್ತಾಗುತ್ತದೆ. ಅವರು ಬೇರೆ ಕಡೆಗೆ ಫಾರ್ವರ್ಡ್ ಹಾಕಿಕೊಂಡಿದ್ದರೂ ಗುರುತು ತಪ್ಪುವುದಿಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ ರೆಸಿಪಿಯೆಂಟ್ ಡಿಲಿಮಿಟರ್‌ಗೆ (ಪೆಟ್ಟಿಗೆಯ ಹೆಸರನ್ನೂ ನಂಬರನ್ನೂ ಬೇರ್ಪಡಿಸುವ ಗುರುತು) ಪ್ಲಸ್ ಹಾಕಿದರೆ ಎಲ್ಲ ಒಂದೇ ಪೆಟ್ಟಿಗೆಗೆ ಬೀಳುತ್ತವೆ.

ಆಮೇಲೆ ಬೌನ್ಸ್‌ನೊಳಗಿರುವ ಕೋಡ್ ನೋಡಿ. 5.1.1 ಅಂದರೆ ಆ ಹೆಸರಿನವರೇ ಅಲ್ಲಿಲ್ಲ, ತೆಗೆಯಿರಿ. 4.2.2 ಅಂದರೆ ಪೆಟ್ಟಿಗೆ ತುಂಬಿದೆ, ಕಾಯಿರಿ. ಏನೂ ಬದಲಿಸದಿದ್ದರೆ ಪೋಸ್ಟ್‌ಫಿಕ್ಸ್ 5 ದಿನ ಪ್ರಯತ್ನಪಟ್ಟು ಆಮೇಲೆ ಬೌನ್ಸ್ ಕಳಿಸುತ್ತದೆ. 5.7ರಿಂದ ಶುರುವಾದರೆ ಮಾತ್ರ ಸದಸ್ಯರನ್ನು ಮುಟ್ಟಬೇಡಿ. ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ಸೆಟ್ಟಿಂಗ್ ನೋಡಿ. ಇದು ಗೊತ್ತಿಲ್ಲದೆ ಒಂದೇ ಸಂಜೆ 300 ಒಳ್ಳೆ ವಿಳಾಸ ಅಳಿಸಿದ್ದೆ.

ಮಳೆಗಾಲ:
ಆಫೀಸ್ ವಿಳಾಸಕ್ಕೆ ಆಟೋ ರಿಪ್ಲೈ ಇದೆಯಾ? ಬೌನ್ಸ್‌ಗೆ ಬೌನ್ಸ್ ಹುಟ್ಟಬಾರದು ಅಂತಲೇ ಅದರ ಎನ್ವಲಪ್ ಸೆಂಡರ್ ಖಾಲಿ ಇರುತ್ತದೆ. ಅದಕ್ಕೆ ಉತ್ತರ ಹೋಗದ ಹಾಗೆ ನೋಡಿ. ಹಾಗಂತ ಖಾಲಿ ಸೆಂಡರ್ ಬ್ಲಾಕ್ ಮಾಡಬೇಡಿ, ನಿಜವಾದ ಬೌನ್ಸ್ ಕೂಡ ಸಿಗೋದಿಲ್ಲ.

ಕಾಫಿಗಿಡ:
ಹಳೇಸರ್ವರ್ ಅಣ್ಣ, 5.7 ಒಂದೂ ಇಲ್ಲ. ಆದರೆ 5.4.4 ಅಂತ, ಅಂದರೆ ಆ ಡೊಮೈನೇ ಸಿಗಲಿಲ್ಲ ಅಂತ, 60 ಇವೆ. ಬಿಡಿಸಿ ನೋಡಿದರೆ ಎಲ್ಲದರ ಕೊನೆಗೂ 'ಡಾಟ್ ಕಾಮ್' ಬದಲು 'ಡಾಟ್ ಕಾನ್'! ಮಹಾಸಭೆ ದಿನ ರಿಜಿಸ್ಟರಲ್ಲಿ ಬರೆಸಿಕೊಂಡಿದ್ದು, ಮಳೆ ನೀರು ಬಿದ್ದು ಶಾಯಿ ಹರಡಿತ್ತು. ಟೈಪ್ ಮಾಡಿದ್ದು ನಾನೇ, ಬೇರೆಯವರನ್ನು ಬೈಯೋ ಹಾಗೂ ಇಲ್ಲ. ಅದರಲ್ಲಿ ಅಧ್ಯಕ್ಷರದ್ದೂ ಇದೆ. ಅವರು ಫೋನಲ್ಲೇ ದರ ಕೇಳೋದರಿಂದ ಇಷ್ಟು ದಿನ ಗೊತ್ತಾಗಿಲ್ಲ.

ಕಾಫಿಗಿಡ:
ಈ ವಾರದ ಲೆಕ್ಕ: ಶನಿವಾರದವರೆಗೆ ಬರೀ 31 ಬೌನ್ಸ್, ಎಲ್ಲ ಬೇರೆ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತುಂಬಿದವರಿಗೆ ಫೋನ್ ಮಾಡುತ್ತಿದ್ದೇನೆ. ಮೂವರಿಗೆ ಪಾಸ್‌ವರ್ಡೇ ನೆನಪಿಲ್ಲವಂತೆ.