ಟಿವಿ, ಸೌಂಡ್‌ಬಾರ್, ಕೇಬಲ್: ತಂತ್ರಜ್ಞರೊಡನೆ ಪ್ರಶ್ನೋತ್ತರ

ತಂತ್ರಜ್ಞರು: ನಿರ್ವಾಹಕರ ಕೋರಿಕೆಯಂತೆ ಇಂದು ಈ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಯಾವ ಕೇಬಲ್ ಯಾವ ಸಾಧನದ ಯಾವ ಕಿಂಡಿಯಿಂದ (ಪೋರ್ಟ್) ಎಲ್ಲಿಗೆ ಹೋಗಿದೆ ಎಂಬುದನ್ನು ಬರೆಯಿರಿ; ಸಾಧ್ಯವಾದರೆ ಹಿಂಭಾಗದ ಚಿತ್ರವನ್ನೂ ಹಾಕಿ. "ಶಬ್ದ ಬರುತ್ತಿಲ್ಲ" ಎಂಬ ಎರಡೇ ಪದಗಳಿಂದ ದೋಷ ಪತ್ತೆಯಾಗುವುದಿಲ್ಲ.

ದಾವಣಗೆರೆಯ ಸದಸ್ಯರು: ಹೊಸ ಸೌಂಡ್‌ಬಾರನ್ನು ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಜೋಡಿಸಿದ್ದೇನೆ. ಶಬ್ದ ಟಿವಿಯಿಂದಲೇ ಬರುತ್ತಿದೆ, ಸೌಂಡ್‌ಬಾರ್ ಮೌನವಾಗಿದೆ.

ತಂತ್ರಜ್ಞರು: ಟಿವಿಯ ಹಿಂದೆ ಮೂರೋ ನಾಲ್ಕೋ ಎಚ್‌ಡಿಎಂಐ ಕಿಂಡಿಗಳಿದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ, ಮತ್ತು ಸೌಂಡ್‌ಬಾರಿನ ಕೇಬಲ್ ಅದಕ್ಕೇ ಹೋಗಬೇಕು. ಉಳಿದ ಕಿಂಡಿಗಳು ಹೊರಗಿನ ಚಿತ್ರ, ಶಬ್ದಗಳನ್ನು ಟಿವಿಯೊಳಕ್ಕೆ ತರುತ್ತವೆ. ಟಿವಿಯ ಶಬ್ದವನ್ನು ಹೊರಕ್ಕೆ ಕಳಿಸುವುದು ಈ ಒಂದೇ. 2009ರಲ್ಲಿ ಬಂದ ಎಚ್‌ಡಿಎಂಐ 1.4 ಆವೃತ್ತಿಯಿಂದ ಈ ಸೌಲಭ್ಯವಿದೆ. ಆಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿಯನ್ನು, ಅಂದರೆ ಜೋಡಿಸಿದ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯವನ್ನು, ಆನ್ ಮಾಡಿ (ಪ್ರತಿ ಕಂಪನಿಯೂ ಇದಕ್ಕೆ ತನ್ನದೇ ಹೆಸರಿಟ್ಟಿರುತ್ತದೆ), ಆಡಿಯೋ ಔಟ್‌ಪುಟ್ ಎಂಬಲ್ಲಿ ಹೊರಗಿನ ಸಾಧನವನ್ನು ಆರಿಸಿ. ಅಷ್ಟಕ್ಕೂ ಬಾರದಿದ್ದರೆ ಎರಡನ್ನೂ ಸ್ವಿಚ್‌ಬೋರ್ಡಿನಲ್ಲೇ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಹಚ್ಚಿ.

ಹುಬ್ಬಳ್ಳಿಯ ಸದಸ್ಯರು: 4ಕೆ ಟಿವಿಗೆ "2.1 ಕೇಬಲ್" ಇಲ್ಲದಿದ್ದರೆ ದುಡ್ಡು ದಂಡ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನಿಜವೇ?

ತಂತ್ರಜ್ಞರು: 1.4, 2.0, 2.1 ಎಂಬುವು ಸಾಧನಗಳು ಪಾಲಿಸುವ ಆವೃತ್ತಿಗಳ ಸಂಖ್ಯೆಗಳು; ಕೇಬಲನ್ನು ಆ ಸಂಖ್ಯೆಯಿಂದ ಕೊಳ್ಳಬಾರದು. ಕೇಬಲಿನ ಮೇಲೆ ಪ್ರೀಮಿಯಂ ಹೈ ಸ್ಪೀಡ್ ಎಂದಿದ್ದರೆ ಅದು ಸೆಕೆಂಡಿಗೆ 18 ಗಿಗಾಬಿಟ್, ಅಲ್ಟ್ರಾ ಹೈ ಸ್ಪೀಡ್ ಎಂದಿದ್ದರೆ 48 ಗಿಗಾಬಿಟ್ ಒಯ್ಯಬಲ್ಲದೆಂದು ಪರೀಕ್ಷಿಸಲ್ಪಟ್ಟಿದೆ ಎಂದರ್ಥ. ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರಕ್ಕೆ ಮೊದಲನೆಯದು ಸಾಕು. 120 ಚೌಕಟ್ಟುಗಳಲ್ಲಿ ಆಟವಾಡುವ ಮಕ್ಕಳು ಮನೆಯಲ್ಲಿದ್ದರೆ ಎರಡನೆಯದನ್ನು ಕೊಳ್ಳಿ, ಪೊಟ್ಟಣದ ಮೇಲೆ ಸ್ಕ್ಯಾನ್ ಮಾಡಬಹುದಾದ ದೃಢೀಕರಣ ಚೀಟಿ ಇದೆಯೇ ಎಂದು ನೋಡಿ. ಸೆಟ್ ಟಾಪ್ ಬಾಕ್ಸಿಗೆ ಅದರ ಜೊತೆ ಬಂದ ಕೇಬಲೇ ಇರಲಿ.

ಬೆಂಗಳೂರಿನ ಸದಸ್ಯರು: ಕ್ಷಮಿಸಿ, ಇದನ್ನು ಒಪ್ಪಲಾರೆ. ನಾನು ಬೆಳ್ಳಿ ಲೇಪದ ತಂತಿಯ, ಚಿನ್ನದ ತುದಿಯ ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದ ದಿನದಿಂದ ಬಣ್ಣಗಳು ಗಾಢವಾಗಿವೆ, ಕಪ್ಪು ನಿಜವಾದ ಕಪ್ಪಾಗಿದೆ.

ತಂತ್ರಜ್ಞರು: ಎಚ್‌ಡಿಎಂಐಯಲ್ಲಿ ಹರಿಯುವುದು ಅಂಕಿಗಳು. ಕೇಬಲ್ ಸೋತರೆ ಪರದೆಯಲ್ಲಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಕ್ಷಣಕಾಲ ಮಾಯವಾಗುತ್ತದೆ, ಅಥವಾ ಬರುವುದೇ ಇಲ್ಲ. ಕಪ್ಪನ್ನು ಮಾತ್ರ ಹುಡುಕಿ ಗಾಢವಾಗಿಸುವ ಕೇಬಲ್ ಇರಲು ಸಾಧ್ಯವಿಲ್ಲ. ಹೊಸ ಕೇಬಲನ್ನು ನೀವು ಬೇರೆ ಕಿಂಡಿಗೆ ಹಾಕಿರಬಹುದು. ಹಲವು ಟಿವಿಗಳು ಪ್ರತಿ ಕಿಂಡಿಗೂ ಬೇರೆ ಬೇರೆ ಚಿತ್ರ ಹೊಂದಾಣಿಕೆಯನ್ನು ನೆನಪಿಟ್ಟುಕೊಳ್ಳುತ್ತವೆ, ಅದನ್ನು ಪರಿಶೀಲಿಸಿ.

ಬೆಂಗಳೂರಿನ ಸದಸ್ಯರು: ಕಣ್ಣಿದ್ದವರಿಗೆ ಕಾಣುತ್ತದೆ, ಅಷ್ಟೇ.

ಮೈಸೂರಿನ ಸದಸ್ಯರು: ಹಾಗಾದರೆ ನೀವು ಪಕ್ಕದ ಕೋಣೆಯಲ್ಲಿರುವಾಗ ಮನೆಯವರು ಕೇಬಲನ್ನು ಬದಲಿಸಲಿ, ಅಥವಾ ಬದಲಿಸದೆ ಬಿಡಲಿ. ಯಾವುದು ಯಾವಾಗ ಎಂದು ಹಲವು ಸಲ ಸರಿಯಾಗಿ ಹೇಳಿದರೆ ಈ ಗುಂಪಿನವರೆಲ್ಲ ಒಪ್ಪುತ್ತೇವೆ.

ಕಾರವಾರದ ಸದಸ್ಯರು: ಚಿನ್ನದ ಲೇಪವನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಕಡೆ ಉಪ್ಪುಗಾಳಿಗೆ ಸಾಮಾನ್ಯ ತುದಿಗಳು ಬಹುಬೇಗ ಕಿಲುಬು ಹಿಡಿಯುತ್ತವೆ.

ತಂತ್ರಜ್ಞರು: ಕಾರವಾರದವರು ಹೇಳಿದ್ದು ಸರಿ. ಚಿನ್ನದಿಂದ ತುದಿಯ ಬಾಳಿಕೆ ಹೆಚ್ಚುತ್ತದೆಯೇ ಹೊರತು ಚಿತ್ರದ ಗುಣವಲ್ಲ.

ತುಮಕೂರಿನ ಸದಸ್ಯರು: ಸರ್, ಸೌಂಡ್‌ಬಾರ್‌ನಲ್ಲಿ ಶಬ್ದ ಬರುತ್ತಿಲ್ಲ.

ತಂತ್ರಜ್ಞರು: ದಾವಣಗೆರೆಯವರಿಗೆ ಕೊಟ್ಟ ಉತ್ತರವನ್ನು ಓದಿ.

ಮಂಡ್ಯದ ಸದಸ್ಯರು: ನನ್ನ ಮೊಬೈಲಿನ ಸಿ-ಟೈಪ್ ಕಿಂಡಿಯಿಂದ ಟಿವಿಗೆ ಕೇಬಲ್ ಹಾಕಿದರೆ ಚಿತ್ರ ಬರುವುದೇ?

ಶಿರಸಿಯ ಸದಸ್ಯೆ: ನಮ್ಮದು ಹಳೆಯ ಮನೆ. ಟಿವಿ, ಡಿಟಿಎಚ್ ಬಾಕ್ಸ್, ಹೋಮ್ ಥಿಯೇಟರಿನ ಆಂಪ್ಲಿಫೈಯರ್, ಕಂಪ್ಯೂಟರ್ ಎಲ್ಲವೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿವೆ. ಎಚ್‌ಡಿಎಂಐ ಕೇಬಲಿನ ಲೋಹದ ತುದಿಯನ್ನು ಹಿಡಿದರೆ ಕೈ ಜುಮ್ಮೆನ್ನುತ್ತದೆ. ಬರಿಗಾಲಿನಲ್ಲಿ ನಿಂತಾಗ ಹೆಚ್ಚು. ಬಾಕ್ಸಿನ ಎಚ್‌ಡಿಎಂಐ ಕಿಂಡಿ ಎರಡು ಬಾರಿ ಸುಟ್ಟುಹೋಗಿದೆ. ಸ್ಪೀಕರುಗಳಲ್ಲಿ ಸದಾ ಗುಂಯ್ ಎಂಬ ಸದ್ದಿದೆ. ನಮ್ಮ ಕುಟುಂಬದ ಗುಂಪಿಗೆ ಎರಡು ವಿಡಿಯೋಗಳು ಬಂದಿವೆ: ಒಂದರಲ್ಲಿ ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ನೆಲಕ್ಕೆ ಸೇರುವ ಅರ್ಥ್ ಪಿನ್ನನ್ನು, ತೆಗೆದುಹಾಕಿ ಎನ್ನುತ್ತಾರೆ, ಇನ್ನೊಂದರಲ್ಲಿ ಸಾಕೆಟ್ಟಿನೊಳಗೆ ನ್ಯೂಟ್ರಲ್ (ವಿದ್ಯುತ್ ಹಿಂದಿರುಗುವ ತಂತಿ) ಮತ್ತು ಅರ್ಥ್ ಎರಡನ್ನೂ ತುಂಡು ತಂತಿಯಿಂದ ಜೋಡಿಸಿ ಎನ್ನುತ್ತಾರೆ. ನಮ್ಮ ಯಜಮಾನರು ಎರಡನೆಯದನ್ನು ಇಂದು ಸಂಜೆ ಮಾಡುವವರಿದ್ದಾರೆ.

ತಂತ್ರಜ್ಞರು: ಮೇಡಂ, ಎರಡನ್ನೂ ಮಾಡಬೇಡಿ, ಈ ಸಂದೇಶವನ್ನು ನಿಮ್ಮ ಯಜಮಾನರಿಗೆ ಈಗಲೇ ತೋರಿಸಿ. ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೆ ಅರ್ಥನ್ನು ಜೋಡಿಸಿದರೆ ಜುಮ್ಮೆನ್ನುವುದು ನಿಲ್ಲುತ್ತದೆ, ಆದ್ದರಿಂದಲೇ ಆ ವಿಡಿಯೋ ನಂಬಲರ್ಹವಾಗಿ ಕಾಣುತ್ತದೆ. ಆದರೆ ಮುಂದೊಂದು ದಿನ ಮೀಟರ್ ಬೋರ್ಡಿನಲ್ಲೋ ಕಂಬದಲ್ಲೋ ನ್ಯೂಟ್ರಲ್ ತಂತಿ ಸಡಿಲವಾದರೆ, ಟಿವಿಯ ಮೂಲಕ ಬಂದ ಫೇಸ್ (ವಿದ್ಯುತ್ ತರುವ ತಂತಿಯ ಪ್ರವಾಹ) ಹಿಂದಿರುಗುವ ದಾರಿ ಕಾಣದೆ ಆ ತುಂಡು ತಂತಿಯ ಮೂಲಕ ಆಂಪ್ಲಿಫೈಯರಿನ ಹೊರಕವಚಕ್ಕೂ ಎಚ್‌ಡಿಎಂಐ ತುದಿಗೂ 230 ವೋಲ್ಟನ್ನು ತಂದು ನಿಲ್ಲಿಸುತ್ತದೆ. ಪ್ರವಾಹ ಮಿತಿಮೀರಿರುವುದಿಲ್ಲವಾದ್ದರಿಂದ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಸ್ವಿಚ್ ಬೀಳುವುದಿಲ್ಲ. ಯಾರೋ ದುರಸ್ತಿ ಮಾಡುವಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರಂತೂ ಆ ಕ್ಷಣದಿಂದಲೇ ಎಲ್ಲ ಲೋಹದ ಭಾಗಗಳಲ್ಲೂ ವಿದ್ಯುತ್ ಇರುತ್ತದೆ. ಇಂತಹ ವಿಡಿಯೋ ಮಾಡಿದವರಿಗೂ ಅದನ್ನು ಯೋಚಿಸದೆ ಹಂಚಿದವರಿಗೂ ನಾನು ಒಳ್ಳೆಯ ಮಾತು ಹೇಳಲಾರೆ.

ಈಗ ಪರೀಕ್ಷೆಯ ವಿಷಯ. ಪರಿಚಿತ ಎಲೆಕ್ಟ್ರಿಷಿಯನ್ನರು ಮಲ್ಟಿಮೀಟರಿನಿಂದ ಅದೇ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಲಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಅಲ್ಲಿಯವರೆಗೆ ಆ ಎಕ್ಸ್‌ಟೆನ್ಶನ್ ಬೋರ್ಡನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತಿಡಿ. ಮನೆಯಲ್ಲಿ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಪೂರೈಕೆಯನ್ನು ಕಡಿಯುವ ಸ್ವಿಚ್) ಇದೆಯೇ ಎಂಬುದನ್ನೂ ತಿಳಿಸಿ.

ಕಲಬುರಗಿಯ ಸದಸ್ಯರು: ಆಂಪ್ಲಿಫೈಯರಿನಿಂದ ಹಿಂದಿನ ಸ್ಪೀಕರಿಗೆ ಹತ್ತು ಮೀಟರ್ ದೂರವಿದೆ. ಎಷ್ಟು ದಪ್ಪದ ವೈರ್ ಬೇಕು?

ತಂತ್ರಜ್ಞರು: 1.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ ವೈರ್ ಸಾಕು. ಹೋಗಿಬರುವ ಇಪ್ಪತ್ತು ಮೀಟರಿಗೆ ಅದರ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಸುಮಾರು ಕಾಲು ಓಮ್. 8 ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ. 4 ಓಮಿನದಾದರೆ 2.5 ಹಾಕಿ. ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರಿನ ರೋಧ ಸುಮಾರು ಒಂದೂವರೆ ಪಟ್ಟು. ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಕೆಂಪು, ಕಪ್ಪು ತುದಿಗಳ ಜೋಡಣೆ ಎರಡು ಸ್ಪೀಕರುಗಳಲ್ಲೂ ಒಂದೇ ರೀತಿ ಇರಲಿ, ಇಲ್ಲದಿದ್ದರೆ ತಗ್ಗಿನ ಶಬ್ದಗಳು (ಬಾಸ್) ಒಂದನ್ನೊಂದು ಅಳಿಸಿಹಾಕುತ್ತವೆ.

ಶಿರಸಿಯ ಸದಸ್ಯೆ: ಎಲೆಕ್ಟ್ರಿಷಿಯನ್ ಬಂದಿದ್ದರು. ಬೋರ್ಡನ್ನು ಮತ್ತೆ ಸಿಕ್ಕಿಸಿ ಅಳೆದಾಗ ಫೇಸ್-ನ್ಯೂಟ್ರಲ್ 228, ಫೇಸ್-ಅರ್ಥ್ 121, ನ್ಯೂಟ್ರಲ್-ಅರ್ಥ್ 104 ಬಂತು. ಆರ್‌ಸಿಸಿಬಿ ಇಲ್ಲ.

ತಂತ್ರಜ್ಞರು: ನಾನು ಶಂಕಿಸಿದ್ದು ಇದೇ. ಅರ್ಥ್ ಸರಿಯಿದ್ದರೆ ಎರಡನೆಯ ಅಳತೆ ಮೊದಲನೆಯದರ ಹತ್ತಿರವಿರಬೇಕು, ಮೂರನೆಯದು ಕೆಲವೇ ವೋಲ್ಟ್ ಇರಬೇಕು. ಎರಡೂ ಪೂರೈಕೆಯ ಅರ್ಧದ ಆಸುಪಾಸಿನಲ್ಲಿವೆ ಎಂದರೆ ಆ ಸಾಕೆಟ್ಟಿನ ಅರ್ಥ್ ತೂತು ನೆಲವನ್ನು ತಲುಪುತ್ತಲೇ ಇಲ್ಲ. ಕಂಪ್ಯೂಟರ್, ಟಿವಿ ಮುಂತಾದವುಗಳ ವಿದ್ಯುತ್ ಭಾಗದಲ್ಲಿ ವಿದ್ಯುತ್ತಿನ ಗದ್ದಲವನ್ನು (ಅನಗತ್ಯ ಏರಿಳಿತ) ಸೋಸಲೆಂದು ಚಿಕ್ಕ ಕೆಪಾಸಿಟರುಗಳಿರುತ್ತವೆ. ಅವು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಹೊರಕವಚಕ್ಕೆ ಅತ್ಯಲ್ಪ ಪ್ರವಾಹವನ್ನು ಬಿಡುತ್ತವೆ. ನೆಲ ಸಿಕ್ಕಿದ್ದರೆ ಅದು ಇಳಿದುಹೋಗುತ್ತಿತ್ತು. ಸಿಗದಿರುವುದರಿಂದ ಎಲ್ಲ ಸಾಧನಗಳ ಸೋರಿಕೆಯೂ ಒಂದೇ ಬೋರ್ಡಿನಲ್ಲಿ ಕೂಡಿಕೊಂಡು, ಬರಿಗಾಲಿನಲ್ಲಿ ನಿಂತ ನಿಮ್ಮ ಮೂಲಕ ಇಳಿಯುತ್ತಿದೆ.

ಸುಟ್ಟ ಕಿಂಡಿಯ ಕಾರಣವೂ ಇಲ್ಲೇ ಇರುವ ಸಾಧ್ಯತೆ ಹೆಚ್ಚು. ಡಿಷ್ ನಿಮ್ಮ ಮಾಡಿನ ಮೇಲೋ ಗೋಡೆಯ ಮೇಲೋ ಲೋಹದ ಕಂಬಕ್ಕೆ ಬಿಗಿದಿರುತ್ತದೆ, ಮಳೆಗಾಲದಲ್ಲಿ ಒದ್ದೆಯಾದಾಗ ಅದರ ಮೂಲಕ ನೆಲ ಸಿಗುತ್ತದೆ. ಡಿಷ್ ಕೇಬಲಿನ ಹೊರಜಾಲರಿ ಬಾಕ್ಸಿನ ಕವಚಕ್ಕೆ, ಬಾಕ್ಸಿನ ಕವಚ ಎಚ್‌ಡಿಎಂಐ ತುದಿಗೆ ಸೇರಿದೆ. ಹೀಗಾಗಿ ಉಪಕರಣಗಳು ಚಾಲೂ ಇರುವಾಗ ಎಚ್‌ಡಿಎಂಐ ಸಿಕ್ಕಿಸಿದರೆ, ತುದಿಯ ಕವಚ ತಾಗುವ ಮೊದಲೇ ಒಳಗಿನ ಸಣ್ಣ ಪಿನ್ ತಾಗಿದ ಕ್ಷಣದಲ್ಲಿ ಆ ವೋಲ್ಟೇಜು ಐದೇ ವೋಲ್ಟಿನ ಚಿಪ್ಪಿನ ಮೂಲಕ ದಾರಿ ಹುಡುಕುತ್ತದೆ. ಪೋರ್ಟ್ ಬದಲಿಸುವುದರಿಂದ ಇದು ನಿಲ್ಲದು. ಅರ್ಥ್ ತಂತಿ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂಬುದನ್ನು ಬೋರ್ಡಿನಿಂದ ಹೊರಗಿನವರೆಗೆ ಹಿಂಬಾಲಿಸಿ ನೋಡಿಸಿ. ಕೆಪಾಸಿಟರಿನ ಸೋರಿಕೆಯ ಜೊತೆಗೆ ನಿಜವಾದ ನಿರೋಧ ದೋಷವೂ (ತಂತಿಯ ಹೊದಿಕೆ ಹಾಳಾಗಿ ವಿದ್ಯುತ್ ಕವಚಕ್ಕೆ ತಾಗುವುದು) ಇದ್ದರೆ ಈ ಅಳತೆಗಳಿಂದ ಗೊತ್ತಾಗದು. ಆದ್ದರಿಂದ ಆಂಪ್ಲಿಫೈಯರನ್ನು ಪ್ರತ್ಯೇಕವಾಗಿ ಪರೀಕ್ಷಿಸುವವರೆಗೆ ಬಳಸಬೇಡಿ.

ಭದ್ರಾವತಿಯ ಸದಸ್ಯರು: ಇಷ್ಟೆಲ್ಲ ಬೇಕಿಲ್ಲ. ನೂರು ವ್ಯಾಟಿನ ಬಲ್ಬನ್ನು ಫೇಸ್ ಮತ್ತು ಅರ್ಥ್ ನಡುವೆ ಹಿಡಿಯಿರಿ. ಹೊತ್ತಿದರೆ ಅರ್ಥ್ ಸರಿ, ಹೊತ್ತದಿದ್ದರೆ ಇಲ್ಲ.

ತಂತ್ರಜ್ಞರು: ಶಿರಸಿಯವರು ಇದನ್ನು ಖಂಡಿತ ಮಾಡಬಾರದು. ಅರ್ಥ್ ತುಂಡಾಗಿರುವ ಮನೆಯಲ್ಲಿ ಆ ಬಲ್ಬಿನ ತಂತಿಯ ಮೂಲಕ ಫೇಸ್ ನೇರವಾಗಿ ಎಲ್ಲ ಸಾಧನಗಳ ಕವಚಕ್ಕೆ ಹೋಗುತ್ತದೆ. ಈಗ ಜುಮ್ಮೆನ್ನಿಸುತ್ತಿರುವುದು ಆಗ ಕೊಲ್ಲಬಲ್ಲದು.

ಭದ್ರಾವತಿಯ ಸದಸ್ಯರು: ನೀವು ಹುಟ್ಟುವ ಮೊದಲಿನಿಂದ ಲೈನ್‌ಮನ್‌ಗಳು ಹೀಗೆಯೇ ಪರೀಕ್ಷಿಸುತ್ತಿದ್ದಾರೆ. ಪುಸ್ತಕ ಓದಿದವರಿಗೆ ಎಲ್ಲದಕ್ಕೂ ಭಯ.

ಮೈಸೂರಿನ ಸದಸ್ಯರು: ಲೈನ್‌ಮನ್‌ಗಳು ಸಾಧನಗಳನ್ನೆಲ್ಲ ಕಿತ್ತಿಟ್ಟು ಪರೀಕ್ಷಿಸುತ್ತಾರೆ. ಅವರು ಕೈಗವಸು ಹಾಕಿರುತ್ತಾರೆ, ಬರಿಗಾಲಿನಲ್ಲಿ ನಿಂತಿರುವುದಿಲ್ಲ.

ಬೆಂಗಳೂರಿನ ಸದಸ್ಯರು: ಈ ಗುಂಪಿನಲ್ಲಿ ಅನುಭವಕ್ಕೆ ಬೆಲೆಯಿಲ್ಲ ಎಂಬುದು ನನ್ನ ಕೇಬಲಿನ ವಿಷಯದಲ್ಲೇ ಗೊತ್ತಾಯಿತು.

ಕಾರವಾರದ ಸದಸ್ಯರು: ದಯವಿಟ್ಟು ನಿಮ್ಮ ಕೇಬಲನ್ನು ಇದರೊಳಗೆ ಎಳೆಯಬೇಡಿ.

ತಂತ್ರಜ್ಞರು: ಬಲ್ಬಿನ ಚರ್ಚೆ ಇಲ್ಲಿಗೆ ಮುಗಿಯಲಿ. ನಿರ್ವಾಹಕರು ಭದ್ರಾವತಿಯವರ ಆ ಸಲಹೆಯನ್ನು ಅಳಿಸಬೇಕೆಂದು ಕೋರುತ್ತೇನೆ.

ಕುಂದಾಪುರದ ಸದಸ್ಯರು: ಸಿಡಿಲಿನ ಕಾಲದಲ್ಲಿ ಡಿಷ್ ಕೇಬಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಬಾಕ್ಸ್ ಉಳಿಯುತ್ತದೆ ಎಂಬ ಸಂದೇಶ ಬಂದಿದೆ.

ತಂತ್ರಜ್ಞರು: ಉಳಿಯುವುದಿಲ್ಲ. ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೂ ಡಿಷ್ ಕೇಬಲನ್ನೂ ಕಿತ್ತಿಡಿ, ಶುರುವಾದ ಮೇಲೆ ಯಾವುದನ್ನೂ ಮುಟ್ಟಬೇಡಿ. ತಿರುಪು ಬಿಚ್ಚುವಾಗ ಬಾಕ್ಸ್ ಆರಿರಲಿ. ಅದು ಡಿಷ್ಷಿಗೆ 13 ಅಥವಾ 18 ವೋಲ್ಟ್ ಕಳಿಸುತ್ತಿರುತ್ತದೆ, ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದರೂ ಹಾಳಾಗಬಹುದು.

ಹಾಸನದ ಸದಸ್ಯರು: ಸೌಂಡ್‌ಬಾರ್ ಸಮಸ್ಯೆ ನನಗೂ ಇದೆ. ಟಿವಿಯಲ್ಲಿ ಎಆರ್‌ಸಿ ಎಂಬುದೇ ಇಲ್ಲ.

ತಂತ್ರಜ್ಞರು: ಆಪ್ಟಿಕಲ್ ಕೇಬಲ್ ಹಾಕಿ. ಅಟ್ಮಾಸ್ (ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ವಿಧಾನ) ಬರುವುದಿಲ್ಲ, ಡಾಲ್ಬಿ 5.1ರವರೆಗೆ (ಐದು ಸ್ಪೀಕರು, ಒಂದು ಸಬ್‌ವೂಫರ್) ಬರುತ್ತದೆ.

ತುಮಕೂರಿನ ಸದಸ್ಯರು: ಮೇಲಿನ ಉತ್ತರ ಓದಿದೆ, ಅರ್ಥವಾಗಲಿಲ್ಲ. ಸುಲಭವಾಗಿ ಹೇಳಬಹುದೇ?

ತಂತ್ರಜ್ಞರು: ಚಿತ್ರ ಹಾಕಿ ಎಂದು ಆರಂಭದಲ್ಲೇ ಕೇಳಿದ್ದೆ.

ಶಿರಸಿಯ ಸದಸ್ಯೆ: ಕಾರಣ ಸಿಕ್ಕಿತು. ಹಳೆಯ ಕಾಲದಲ್ಲಿ ಅರ್ಥ್ ತಂತಿಯನ್ನು ಬಾವಿಯಿಂದ ಬರುವ ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರಂತೆ. ಇತ್ತೀಚೆಗೆ ನಾವು ಆ ಪೈಪನ್ನು ತೆಗೆದು ಪಿವಿಸಿ ಹಾಕಿಸಿದ್ದೆವು. ಗೋಡೆಯಲ್ಲಿ ಉಳಿದಿರುವ ಗೇಣುದ್ದದ ಕಬ್ಬಿಣದ ತುಂಡಿಗೆ ತಂತಿ ಹಾಗೆಯೇ ಕಟ್ಟಿದೆ.

ತಂತ್ರಜ್ಞರು: ಆ ತಂತಿಯನ್ನು ಮರೆತುಬಿಡಿ. ಪರವಾನಗಿ ಇರುವ ಗುತ್ತಿಗೆದಾರರಿಂದ ಹೊಸ ಅರ್ಥಿಂಗ್ ಹೊಂಡ ಮಾಡಿಸಿ, ಅದರ ರೋಧವನ್ನು ಅಳೆಯುವ ಉಪಕರಣದಿಂದಲೇ ಅಳೆಸಿ ಬರೆದಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಹೊಂಡಕ್ಕೆ ನೀರು ಹಾಕಿ. ನಿಮ್ಮ ಗುಂಪಿಗೆ ಬಂದಿರುವ ಸಂದೇಶಗಳಲ್ಲಿ ಹೊಂಡಕ್ಕೆ ನೀರು ಹಾಕಿ ಎಂಬುದೂ ಇದ್ದರೆ ಅದೊಂದು ಮಾತ್ರ ನಿಜ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದಾದ ಮೇಲೂ ಸ್ಪೀಕರುಗಳಲ್ಲಿ ಗುಂಯ್ ಉಳಿದರೆ ಡಿಷ್ ಕೇಬಲನ್ನು ಬಿಚ್ಚಿ ಕೇಳಿ. ಸದ್ದು ನಿಂತರೆ ಡಿಷ್ ಕಂಬದ ನೆಲಕ್ಕೂ ಮನೆಯ ಅರ್ಥ್‌ಗೂ ನಡುವೆ ಪ್ರವಾಹ ಹರಿಯುವ ಸುತ್ತು ಏರ್ಪಟ್ಟಿದೆ ಎಂದು ತಿಳಿಯಿರಿ. ಇಂತಹ ಸುತ್ತನ್ನು ತುಂಡರಿಸಲೆಂದು ಕೇಬಲ್ ಟಿವಿಯವರಿಗೆ ಮಾರುವ ಐಸೊಲೇಟರನ್ನು ಇಲ್ಲಿ ಹಾಕಬೇಡಿ, ಅದು ಡಿಷ್ಷಿಗೆ ಹೋಗಬೇಕಾದ ವೋಲ್ಟೇಜನ್ನೂ ತಡೆಯುತ್ತದೆ. ಟಿವಿಯಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಕೇಬಲ್ ಹಾಕಿ; ಅದರಲ್ಲಿ ಬೆಳಕು ಮಾತ್ರ ಹರಿಯುವುದರಿಂದ ಅಲ್ಲಿಗೆ ಸುತ್ತು ತುಂಡಾಗುತ್ತದೆ.

ಭದ್ರಾವತಿಯ ಸದಸ್ಯರು: ಅಂತೂ ಅರ್ಥ್ ಇರಲಿಲ್ಲ. ಬಲ್ಬೂ ಅದನ್ನೇ ಹೇಳುತ್ತಿತ್ತು.

ತಂತ್ರಜ್ಞರು: ಹೇಳುತ್ತಿತ್ತು, ಆಂಪ್ಲಿಫೈಯರನ್ನು ಮುಟ್ಟಿದ್ದವರ ಕೈಗೆ. ಇನ್ನು ಇದಕ್ಕೆ ಉತ್ತರಿಸುವುದಿಲ್ಲ.

ಮಂಡ್ಯದ ಸದಸ್ಯರು: ನನ್ನ ಮೊಬೈಲ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ನಿರ್ವಾಹಕರು: ಇಂದಿನ ಪ್ರಶ್ನೋತ್ತರವನ್ನು ಮುಗಿಸಲಾಗಿದೆ. ಬಲ್ಬಿನ ಸಲಹೆಯನ್ನು ಅಳಿಸಲಾಗಿದೆ.