ಹೂವು, ಬೆಳೆ, ಆಸ್ಪತ್ರೆ: ಮನೆಕೂಟದ ಧ್ಯಾನಕ್ಕೆ ದಿನದ ಅನುಭವ ಬಳಸುವುದು ಹೇಗೆ?

ಮನೆಕೂಟ_ಧಾರವಾಡ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಮನೆಕೂಟದಲ್ಲಿ, ಅಂದರೆ ಮನೆಯಲ್ಲಿ ಸೇರುವ ಕ್ರೈಸ್ತರ ಪ್ರಾರ್ಥನಾಕೂಟದಲ್ಲಿ, ವಾರಕ್ಕೊಬ್ಬರು ಹತ್ತು ನಿಮಿಷದ ಧ್ಯಾನ ಕೊಡುವ ಕ್ರಮ ಇದೆ. ಮುಂದಿನ ಎರಡು ತಿಂಗಳ ವಿಷಯ "ದಿನದ ಬದುಕಿನಲ್ಲಿ ದೇವರ ಪಾಠ". ಬರುವವರಲ್ಲಿ ಒಕ್ಕಲುತನದವರಿದ್ದಾರೆ, ನರ್ಸ್‌ಗಳಿದ್ದಾರೆ, ಪಿಯುಸಿ ಓದುವ ಮಕ್ಕಳೂ ಇದ್ದಾರೆ.

ತೊಡಕು ಎರಡು. ಹೂವು, ಮಳೆ, ಸೂರ್ಯೋದಯ ಇಟ್ಟುಕೊಂಡು ಮಾತಾಡಿದರೆ "ದೇವರ ಸೃಷ್ಟಿ ಎಷ್ಟು ಚೆಂದ" ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಕಾಯಿಲೆ, ಸಾಲ, ಬೆಳೆಹಾನಿ ಎತ್ತಿಕೊಂಡರೆ "ಇದೆಲ್ಲ ದೇವರ ಪರೀಕ್ಷೆ" ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಆಗ ನಿಜವಾಗಿ ನೊಂದವರು ತಲೆ ತಗ್ಗಿಸಿ ಕೂತುಬಿಡುತ್ತಾರೆ. ತಯಾರಿ ಹೇಗೆ, ಯಾವ ವಚನ, ಎಷ್ಟು ಹೊತ್ತು, ತಪ್ಪುವುದು ಎಲ್ಲಿ? ಬಲ್ಲವರು ಬಿಡಿಸಿ ತಿಳಿಸಿ. ನಾಲ್ಕಾರು ವಸ್ತುಗಳನ್ನು ಉದಾಹರಣೆಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು.

ಕೀರ್ತನೆ_13

ಬ್ರದರ್, ಎರಡೂ ತೊಡಕಿನ ಬೇರು ಒಂದೇ. ಪಾಠ ಮೊದಲೇ ನಿರ್ಧಾರವಾಗಿರುತ್ತದೆ, ಆಮೇಲೆ ಅದಕ್ಕೆ ಹೊಂದುವ ಹೂವನ್ನೋ ರೋಗವನ್ನೋ ಹುಡುಕುತ್ತೇವೆ. ಯೇಸು ಸಾಮ್ಯ (ಪಾಠ ಹೇಳುವ ಸಣ್ಣ ಕಥೆ) ಹೇಳಿದ ರೀತಿ ನೋಡಿ. ಮಾರ್ಕ 4:26ರಿಂದ 29ರಲ್ಲಿ ರೈತ ಬೀಜ ಹಾಕುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಮೊದಲು ಎಲೆ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ಕಾಳು. ಅದು ಹೇಗಾಯಿತೆಂದು ಅವನಿಗೆ ತಿಳಿಯದು. ಹೊಲದಲ್ಲಿ ನಿಂತು ನೋಡಿದವರ ಮಾತು ಅದು. ಆದ್ದರಿಂದ ತಯಾರಿಯ ಅರ್ಧ ಭಾಗ ವಸ್ತುವನ್ನು ನೋಡುವುದಕ್ಕೇ ಮೀಸಲಾಗಲಿ.

ನೋಡುವಾಗ ಮೂರು ಪ್ರಶ್ನೆ ಸಾಕು: ಕಣ್ಣಿಗೆ, ಕೈಗೆ, ಮೂಗಿಗೆ ಏನು ಸಿಗುತ್ತಿದೆ? ಇದರ ಹಿಂದೆ ಯಾರ ದುಡಿಮೆ ಇದೆ? ನಾಳೆ ಇದು ಏನಾಗುತ್ತದೆ? ಮೂರನೆಯದನ್ನು ಬಿಡಲೇಬೇಡಿ. ಸೌಂದರ್ಯದ ಧ್ಯಾನ ಸಪ್ಪೆಯಾಗುವುದು ಆ ಪ್ರಶ್ನೆ ತಪ್ಪಿಹೋದಾಗ. ಮತ್ತಾಯ 6ರಲ್ಲಿ ಹೊಲದ ಹೂವು ಸೊಲೊಮೋನ ರಾಜನ ಉಡುಪಿಗಿಂತ ಚೆಂದ ಎಂದ ಯೇಸುವೇ 30ನೆಯ ವಚನದಲ್ಲಿ ಆ ಹುಲ್ಲು ನಾಳೆ ಒಲೆಯ ಪಾಲು ಎನ್ನುತ್ತಾನೆ. ಅಧ್ಯಾಯ ಮುಗಿಯುವ 34ನೆಯ ವಚನದಲ್ಲಿ ಆಯಾ ದಿನಕ್ಕೆ ಅದರದೇ ಪಾಡು ಇದೆ ಎಂಬ ಮಾತಿದೆ. ಚೆಲುವು, ಬೆಂಕಿ, ದಿನದ ಪಾಡು ಮೂರೂ ಏಳು ವಚನಗಳ ಒಳಗೇ ಬರುತ್ತವೆ. 28 ಮತ್ತು 29 ಮಾತ್ರ ಓದಿ ನಿಲ್ಲಿಸುವುದರಿಂದ ಅರ್ಧ ಪಾಠ ಹೋಗುತ್ತದೆ.

ಹತ್ತು ನಿಮಿಷವನ್ನು ಹೀಗೆ ಹಂಚಬಹುದು. ವಸ್ತುವಿನ ವರ್ಣನೆ ಎರಡು ನಿಮಿಷ. ವಾಕ್ಯ ಓದುವುದು ಒಂದು ನಿಮಿಷ, ಅದೂ ಹಿಂದುಮುಂದಿನ ಮೂರ್ನಾಲ್ಕು ವಚನ ಸೇರಿಸಿ. ವಸ್ತುವೂ ವಾಕ್ಯವೂ ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬ ವಿವರಣೆ ನಾಲ್ಕು ನಿಮಿಷ. ಒಂದು ನಿಮಿಷ ಮೌನ, ಗಡಿಯಾರ ನೋಡಿಯೇ. ಉಳಿದ ಎರಡು ನಿಮಿಷ ಪ್ರಾರ್ಥನೆ. ಒಂದು ವಸ್ತು, ಒಂದು ವಾಕ್ಯಭಾಗ, ಅಷ್ಟೇ. ಐದು ವಚನ ಸೇರಿಸಿದರೆ ಕೇಳುವವರು ಪುಟ ತಿರುವುವುದರಲ್ಲೇ ಹೊತ್ತು ಕಳೆಯುತ್ತಾರೆ.

ಇನ್ನು ಕಷ್ಟದ ಮಾತು. "ಪರೀಕ್ಷೆ" ಎಂಬ ಒಂದೇ ಬೀಗದಕೈ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತಾಗ ಅವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದು ಯೇಸು ಖಂಡಿತವಾಗಿ ಹೇಳುತ್ತಾನೆ (ಲೂಕ 13:4). 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು, 2024ರ ಜುಲೈನಲ್ಲಿ ವಯನಾಡಿನದು. ಅಂಥ ಸುದ್ದಿ ಬಂದ ವಾರ "ಯಾರ ಪಾಪಕ್ಕೆ" ಎಂಬ ಮಾತು ಕೂಟದಲ್ಲಿ ಎದ್ದರೆ ಓದಬೇಕಾದದ್ದು ಇದೇ ಭಾಗ. ಕುರುಡನಾಗಿ ಹುಟ್ಟಿದವನ ಬಗ್ಗೆ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ, ಅಲ್ಲೂ ಯೇಸುವಿನ ಉತ್ತರ ಯಾರ ಪಾಪಕ್ಕೂ ಅಲ್ಲ ಎಂದೇ (ಯೋಹಾನ 9:3).

ಹಾಗಾದರೆ ನೊಂದವರ ಎದುರು ಏನು ಕೊಡುವುದು? ಪ್ರಲಾಪದ, ಅಂದರೆ ಗೋಳು ತೋಡಿಕೊಳ್ಳುವ, ಕೀರ್ತನೆ ಕೊಡಿ. 13ನೆಯದರಲ್ಲಿ ಇರುವುದೇ ಆರು ವಚನ. ಮೊದಲ ಎರಡರಲ್ಲಿ "ಎಲ್ಲಿಯವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಇದೇ ಅಳತೆಗೆ ಆರು ಸಾಲು ಬರೆಯಲು ಹೇಳಿ: ಎರಡು ದೂರು, ಎರಡು ಬೇಡಿಕೆ, ಎರಡು ಭರವಸೆ. ದೂರು ಹೆಸರಿಟ್ಟು ಬರೆದಿರಬೇಕು. "ಕಷ್ಟದಲ್ಲಿದ್ದೇನೆ" ಎಂದರೆ ಆಗದು, "ವಾರಕ್ಕೆ ಮೂರು ಸಲ ಡಯಾಲಿಸಿಸ್, ಎಲ್ಲಿಯವರೆಗೆ ಕರ್ತನೇ?" ಎಂಬಷ್ಟು ಸ್ಪಷ್ಟ ಬೇಕು. ಕೊನೆಯ ಎರಡು ಸಾಲು ಯಾರಿಗಾದರೂ ಬರೆಯಲು ಬಾರದಿದ್ದರೆ ಖಾಲಿ ಬಿಡಲಿ, ಬಲವಂತ ಬೇಡ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ.

ರೋಮಾಪುರದವರಿಗೆ 8:28 ಎಲ್ಲರ ಬಾಯಲ್ಲಿರುವ ವಚನ, ಎಲ್ಲವೂ ಹಿತಕ್ಕಾಗಿ ಎಂಬುದು. ಆ ಹಿತ ಏನೆಂದು 29ರಲ್ಲಿ ಹೇಳಿದೆ: ದೇವರ ಮಗನಾದ ಯೇಸುವಿನ ಸಾರೂಪ್ಯಕ್ಕೆ (ಹೋಲಿಕೆಗೆ) ಬರುವುದು. ಹೋದ ಕೆಲಸಕ್ಕಿಂತ ಒಳ್ಳೆಯ ಕೆಲಸ ಸಿಗುತ್ತದೆ ಎಂಬ ಮಾತು ಅಲ್ಲಿಲ್ಲ. ಅದಕ್ಕೂ ಮೊದಲು 22ರಿಂದ 26ರ ಒಳಗೆ ಸೃಷ್ಟಿ ನರಳುತ್ತದೆ, ನಾವು ನರಳುತ್ತೇವೆ, ಪವಿತ್ರಾತ್ಮನೂ ಮಾತಿಗೆ ಸಿಗದ ನರಳಾಟದಿಂದ ಬೇಡುತ್ತಾನೆ. 28ನ್ನು ಓದುವುದಾದರೆ 22ರಿಂದಲೇ ಶುರುಮಾಡಿ.

ಶಂಕರಪುರ_ಮಲ್ಲಿಗೆ

ಕೀರ್ತನೆ ಅವರ ಎರಡನೆಯ ಪ್ರಶ್ನೆಗೆ, ಅಂದರೆ ಯಾರ ದುಡಿಮೆ ಅನ್ನುವುದಕ್ಕೆ, ನಮ್ಮ ಕರಾವಳಿಯ ಎರಡು ವಸ್ತು ಕೊಡುತ್ತೇನೆ.

ಒಂದು, ಉಡುಪಿ ಮಲ್ಲಿಗೆ. ಶಂಕರಪುರದ ಸುತ್ತ ಕ್ರೈಸ್ತರೂ ಹಿಂದೂಗಳೂ ಮನೆಯಂಗಳದಲ್ಲೇ ಬೆಳೆಯುತ್ತಾರೆ. ಅರಳಿದ ಮೇಲೆ ಕೊಯ್ದರೆ ಬೆಲೆಯಿಲ್ಲ, ಮೊಗ್ಗಿರುವಾಗಲೇ ಬೆಳಗಿನ ಜಾವ ಕೊಯ್ಯಬೇಕು. ಆಮೇಲೆ ಬಾಳೆನಾರಿನಲ್ಲಿ ಕಟ್ಟುವುದು. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಸಲ ಬೆರಳು ಮಡಚಬೇಕು. ಮಳೆಗಾಲದಲ್ಲಿ ಇಳುವರಿ ಕುಸಿಯುತ್ತದೆ, ದರ ಏರುತ್ತದೆ.

ಇದನ್ನು ಮತ್ತಾಯ 6ರ ಪಕ್ಕದಲ್ಲಿಟ್ಟರೆ ಒಂದು ಒಳ್ಳೆಯ ಇಕ್ಕಟ್ಟು ಎದುರಾಗುತ್ತದೆ. ಹೂವು ದುಡಿಯುವುದಿಲ್ಲ, ನೂಲುವುದಿಲ್ಲ ಎಂದು ವಾಕ್ಯ. ಆದರೆ ಹೂ ಕಟ್ಟುವವಳು ದುಡಿಯುತ್ತಾಳೆ, ನಾರು ಸೀಳುತ್ತಾಳೆ. ಈ ಇಕ್ಕಟ್ಟನ್ನು ಮುಚ್ಚಬೇಡಿ, ಕೂಟದ ಮುಂದೆಯೇ ಇಡಿ. ಯೇಸು ದುಡಿಮೆ ಬಿಡಿ ಎನ್ನುತ್ತಿದ್ದಾನೋ, ಚಿಂತೆ ಬಿಡಿ ಎನ್ನುತ್ತಿದ್ದಾನೋ? 25, 31, 34 ಮೂರು ವಚನದಲ್ಲೂ ಬರುವ ಆಜ್ಞೆ ಚಿಂತಿಸಬೇಡಿ ಎಂಬುದೇ. ಹೂ ಕಟ್ಟಿ ಬದುಕುವ ಹೆಂಗಸರು ಕೂಟದಲ್ಲಿದ್ದರೆ ಮೊದಲ ಎರಡು ನಿಮಿಷದ ವರ್ಣನೆ ಅವರಿಂದಲೇ ಬರಲಿ, ಬೇರೆಯವರು ಅದನ್ನು ಅಷ್ಟು ಚೆನ್ನಾಗಿ ಹೇಳಲಾರರು.

ಎರಡನೆಯದು ತೆನೆ ಹಬ್ಬ, ಕರಾವಳಿಯ ಕಥೋಲಿಕರು ಆಚರಿಸುವ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಕುಡಿಯುವುದು. ಮುಂಬೈ, ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ತೆನೆ ಕಳಿಸುವ ವಾಡಿಕೆಯೂ ಇತ್ತು.

ಇದಕ್ಕೆ ಜೋಡಿ ಧರ್ಮೋಪದೇಶಕಾಂಡ 26. ಪ್ರಥಮಫಲದ ಪುಟ್ಟಿ ಹೊತ್ತು ತಂದವನು ಮೊದಲು ಹೇಳಬೇಕಾದದ್ದು ಅಲೆಮಾರಿಯಾಗಿದ್ದ ಮೂಲಪಿತೃವಿನ ಕಥೆ, ಐಗುಪ್ತದ ಬಿಟ್ಟಿದುಡಿಮೆಯ ಕಥೆ. ಕೃತಜ್ಞತೆ ಹೇಳುವ ಬಾಯಿ ಕಷ್ಟವನ್ನೂ ಹೇಳಲೇಬೇಕು ಎಂಬುದು ಅಲ್ಲಿನ ಕ್ರಮ. 11ನೆಯ ವಚನದಲ್ಲಿ ಲೇವಿಯೂ (ದೇವರ ಆಲಯದ ಸೇವೆ ಮಾಡುವ ಕುಲದವನು) ಪರದೇಶಿಯೂ ಆ ಸಂತೋಷದಲ್ಲಿ ಪಾಲುದಾರರು. ಪಿಯುಸಿ ಮಕ್ಕಳಿಗೆ ಇದು ಹೇಳಿಮಾಡಿಸಿದ ಪಾಠ. ತಲೆಗೊಂದು ತೆನೆ ಕೊಟ್ಟು ಕಾಳು ಎಣಿಸಲಿ, ಜೊಳ್ಳು ಎಷ್ಟೆಂದು ಬೇರೆ ಮಾಡಲಿ. ಜೊಳ್ಳಿಲ್ಲದ ತೆನೆ ಸಿಗುವುದು ಅಪರೂಪ. ಒಳ್ಳೆಯ ತೆನೆಯನ್ನೇ ಆರಿಸಿ ತರಬೇಡಿ.

ದ್ರಾಕ್ಷಿ_ವಿಜಯಪುರ

ಬೆಳೆಯ ಮಾತು ಬಂದದ್ದರಿಂದ ಯೋಹಾನ 15ರ ಬಗ್ಗೆ ಒಂದು ಎಚ್ಚರಿಕೆ. ಕಷ್ಟದ ಧ್ಯಾನಕ್ಕೆ ಎಲ್ಲರೂ ಮೊದಲು ಎತ್ತಿಕೊಳ್ಳುವುದು ಈ ಅಧ್ಯಾಯವನ್ನೇ: ದೇವರು ತೋಟಗಾರ, ನಮ್ಮನ್ನು ಸವರುತ್ತಾನೆ, ಆದ್ದರಿಂದ ನಿಮ್ಮ ಕಾಯಿಲೆ ದೇವರ ಕತ್ತರಿ. ಕೇಳಲು ಹೊಂದುತ್ತದೆ, ಆದರೆ ವಾಕ್ಯ ಹಾಗೆನ್ನುವುದಿಲ್ಲ. 2ನೆಯ ವಚನದಲ್ಲಿ ಸವರುವುದಕ್ಕೆ ಇರುವ ಗ್ರೀಕ್ ಕ್ರಿಯಾಪದಕ್ಕೆ ಶುದ್ಧಿಮಾಡು ಎಂಬ ಅರ್ಥವಿದೆ. 3ನೆಯ ವಚನ ಅದೇ ಬೇರಿನ ಪದ ಹಿಡಿದು, ನಾನು ಆಡಿದ ಮಾತಿನಿಂದ ನೀವು ಈಗಾಗಲೇ ಶುದ್ಧರು ಎನ್ನುತ್ತದೆ. ಇಲ್ಲಿ ಶುದ್ಧಿ ಮಾಡುತ್ತಿರುವುದು ಯೇಸುವಿನ ವಾಕ್ಯ, ಕ್ಯಾನ್ಸರ್ ಅಲ್ಲ. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಈ ಸಾಮ್ಯ ಹೇಳುವವರು ದಯವಿಟ್ಟು 3ನೆಯ ವಚನವನ್ನೂ ಓದಿ.

ದ್ರಾಕ್ಷಿಯನ್ನು ವಸ್ತುವಾಗಿ ಇಡುವುದಾದರೆ ತೋಟದ ಕೆಲಸ ಸರಿಯಾಗಿ ತಿಳಿದಿರಲಿ. ವಿಜಯಪುರದ ಕಡೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್‌ನದರಲ್ಲಿ ಕಡ್ಡಿಗಳಲ್ಲಿ ಒಂದೆರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಮಾತ್ರ ಉಳಿಸಿ ಕತ್ತರಿಸುತ್ತಾರೆ. ಸುಡುಬಿಸಿಲಲ್ಲಿ ಬಳ್ಳಿ ಬೋಳು ಬೋಳಾಗಿ ನಿಲ್ಲುತ್ತದೆ. ಆ ಕತ್ತರಿಗೆ ಹಣ್ಣು ಬರುವುದಿಲ್ಲ, ಹೊಸ ಕಡ್ಡಿ ಬರುತ್ತದೆ. ಮುಂದಿನ ಗೊಂಚಲು ಆ ಕಡ್ಡಿಯ ಕಣ್ಣಿನೊಳಗೆ ಹೊರಗೆ ಕಾಣದಂತೆ ರೂಪುಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ತಳಿ ನೋಡಿ ಹೆಚ್ಚು ಕಣ್ಣು ಬಿಟ್ಟು ಕತ್ತರಿಸಿದ ಮೇಲೆಯೇ ಗೊಂಚಲು ಹೊರಬರುವುದು. ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳ ಹತ್ತಿರ ಬೇಕು. ಇಸ್ರಾಯೇಲಿನ ಕಡೆ ಮುಖ್ಯ ಸವರುವಿಕೆ ಚಳಿಗಾಲದಲ್ಲಿ ಒಮ್ಮೆ, ಬಳ್ಳಿ ಮಲಗಿರುವಾಗ. ಎರಡನ್ನೂ ಬೆರೆಸಿ "ಯೇಸುವಿನ ಕಾಲದಲ್ಲೂ ಎರಡು ಸಲ ಕತ್ತರಿಸುತ್ತಿದ್ದರು" ಎಂದುಬಿಡಬೇಡಿ. ಕೂಟದಲ್ಲಿ ಕುಳಿತ ರೈತನಿಗೆ ಒಂದು ವಿವರ ತಪ್ಪೆಂದು ಕಂಡರೆ ಮುಂದಿನ ಮಾತು ಅವನ ಕಿವಿಗೆ ಬೀಳುವುದಿಲ್ಲ.

ಬೆಳೆ ಹೋದ ವರ್ಷಕ್ಕೆ ಹಬಕ್ಕೂಕ 3:17 ಮತ್ತು 18 ಸರಿಯಾದ ಭಾಗ: ಅಂಜೂರ ಚಿಗುರದಿದ್ದರೂ, ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಕೊಟ್ಟಿಗೆ ಖಾಲಿಯಿದ್ದರೂ ಕರ್ತನಲ್ಲಿ ಉಲ್ಲಾಸ. ಆದರೆ ಅದೇ ಪ್ರವಾದಿ ಬಾಯಿ ತೆರೆದದ್ದು 1:2ರಲ್ಲಿ, ಎಷ್ಟು ಕಾಲ ಕೂಗಲಿ, ನೀನು ಕೇಳುವುದಿಲ್ಲವಲ್ಲ ಎಂದು. ಮೊದಲ ವಾರ 1ನೆಯ ಅಧ್ಯಾಯ ಓದಿ, 3ನೆಯದನ್ನು ಕೆಲವು ವಾರ ಬಿಟ್ಟು ತನ್ನಿ. ಆಲಿಕಲ್ಲು ಬಿದ್ದ ಮರುದಿನವೇ 3:18 ಓದಿದರೆ ಅದು ಗದರಿಸಿದ ಹಾಗಾಗುತ್ತದೆ.

ಮನೆಕೂಟ_ಧಾರವಾಡ

ಮೂವರಿಗೂ ವಂದನೆ. ಎರಡು ಸಂದೇಹ ಉಳಿದಿವೆ. ಆಸ್ಪತ್ರೆಯಲ್ಲಿ ದುಡಿಯುವ ಸಿಸ್ಟರ್‌ಗಳಿಗೆ ಸೌಂದರ್ಯ ಮತ್ತು ನೋವು ಒಂದೇ ಧ್ಯಾನದಲ್ಲಿ ಬರುವ ಭಾಗ ಯಾವುದಿದೆ? ಇನ್ನು, ದಿನದಿನ ಇಂಥ ವಸ್ತುಗಳನ್ನು ಗಮನಿಸುವ ಅಭ್ಯಾಸ ಬೆಳೆಸುವುದು ಹೇಗೆ?

ಕೀರ್ತನೆ_13

ಮೊದಲನೆಯದಕ್ಕೆ ಯೋಬನ ಗ್ರಂಥ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾದವನು ಅವನು. ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತರು (2:13). ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದ ಮೇಲೆ ಆಡಿದ್ದು ಸರಿಯಲ್ಲವೆಂದು ದೇವರೇ ಕೋಪಗೊಂಡ (42:7). ಇನ್ನು 38ರಿಂದ 41ರವರೆಗೆ ದೇವರು ಮಾತಾಡುವಾಗ ಯೋಬನ ಹುಣ್ಣಿಗೆ ಕಾರಣ ಹೇಳುವುದೇ ಇಲ್ಲ. ಹಿಮದ ಭಂಡಾರ, ಈಯುವ ಕಾಡುಮೇಕೆ, ಉಷ್ಟ್ರಪಕ್ಷಿ, ಮನುಷ್ಯರೇ ಇಲ್ಲದ ಬೆಂಗಾಡಿಗೆ ಸುರಿಯುವ ಮಳೆ, ಇವನ್ನೆಲ್ಲ ತೋರಿಸುತ್ತಾನೆ. 38:25ರಿಂದ 27ರವರೆಗೆ ಮೂರೇ ವಚನ ಸಾಕು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಇದನ್ನು ನಿಧಾನವಾಗಿ ಎರಡು ಸಲ ಓದಿ, ಮೌನವನ್ನು ಒಂದರ ಬದಲು ಮೂರು ನಿಮಿಷ ಮಾಡಿ, ವಿವರಣೆ ಅಷ್ಟು ಕಡಿಮೆ ಮಾಡಿ. ರೋಗಿಗಳ ಹೆಸರು, ವಾರ್ಡು, ಕಾಯಿಲೆ ಯಾವುದೂ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಬರಬಾರದು. ಕೂಟದವರ ಕಷ್ಟವೂ ಅಷ್ಟೇ, ಅವರು ಒಪ್ಪಿದರೆ ಮಾತ್ರ.

ಶಂಕರಪುರ_ಮಲ್ಲಿಗೆ

ಎರಡನೆಯದಕ್ಕೆ ಕಥೋಲಿಕರಲ್ಲಿ ಹಳೆಯ ಒಂದು ಕ್ರಮ ಇದೆ, ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ದಿನದ ಆತ್ಮಪರಿಶೀಲನೆ. ಅವರ ಧ್ಯಾನಸಾಧನೆಯ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಐದು ಮೆಟ್ಟಿಲು: ಉಪಕಾರಗಳಿಗೆ ವಂದನೆ, ತಪ್ಪು ಕಾಣುವ ಕೃಪೆಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ತಿರುಗಿ ನೋಡುವುದು, ಕ್ಷಮೆ, ನಾಳೆಗೆ ತೀರ್ಮಾನ. ಹದಿನೈದು ನಿಮಿಷ ಸಾಕು, ಪ್ರೊಟೆಸ್ಟೆಂಟರಿಗೂ ಅಡ್ಡಿಯಾಗುವಂಥದ್ದು ಇದರಲ್ಲಿ ಏನಿಲ್ಲ.

ಹೆಚ್ಚಾಗಿ ಎಡವುವುದು ಮೊದಲನೆಯ ಮತ್ತು ಮೂರನೆಯ ಮೆಟ್ಟಿಲಲ್ಲಿ. "ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ ಸ್ತೋತ್ರ" ಎಂದು ದಿನವೂ ಅದೇ ಪಟ್ಟಿ ಹೇಳಿದರೆ ಕಣ್ಣು ತೆರೆಯುವುದಿಲ್ಲ. ನಿನ್ನೆ ಇಲ್ಲದ, ಇವತ್ತು ಮಾತ್ರ ಇದ್ದ ಒಂದು ವಸ್ತು ಬೇಕು. ಬಸ್‌ಸ್ಟ್ಯಾಂಡಿನಲ್ಲಿ ಜಾಗ ಬಿಟ್ಟ ಹುಡುಗ ಆದೀತು, ಒಗ್ಗರಣೆಯ ಕರಿಬೇವಿನ ಘಮ ಆದೀತು. ಮೂರನೆಯ ಮೆಟ್ಟಿಲಲ್ಲಿ ತಪ್ಪುಗಳನ್ನಷ್ಟೇ ಹುಡುಕುತ್ತಾ ಹೋಗುವವರು ಸುಸ್ತಾಗಿ ವಾರದೊಳಗೆ ಬಿಟ್ಟುಬಿಡುತ್ತಾರೆ. ಮನಸ್ಸು ಎಲ್ಲಿ ಹಗುರಾಯಿತು, ಎಲ್ಲಿ ಭಾರವಾಯಿತು ಎಂಬ ಎರಡನ್ನೂ ನೋಡಬೇಕು.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆಯಲಿ, ಹಗುರಾದದ್ದು ಒಂದು, ಭಾರವಾದದ್ದು ಒಂದು. ಪಾಠ ಬರೆಯುವುದು ಬೇಡ, ಕಂಡದ್ದನ್ನು ಮಾತ್ರ. ಎರಡು ವಾರಕ್ಕೆ 28 ಸಾಲು ಆಗುತ್ತದೆ. ಧ್ಯಾನ ಕೊಡುವ ಸರದಿ ಬಂದವರು ಅದರಿಂದ ಒಂದು ಸಾಲು ಆರಿಸಿ ವಾಕ್ಯ ಹುಡುಕಲಿ. ಭಾರವಾದ ಸಾಲು ಬೇರೆಯವರ ಮನೆಯ ನೋವಾಗಿದ್ದರೆ ಅದನ್ನು ಪುಸ್ತಕದಲ್ಲೇ ಇರಗೊಡಿ, ಬೇರೊಂದನ್ನು ಆರಿಸಿ.